ಹಸಿರುಮನೆಗೂ ಕಿಟಕಿ ಬೇಕು

ನಮ್ಮ ಬೀದಿ ಊರಿನ ಕಟ್ಟಕಡೆಯದು. ತರಕಾರಿ ಗಾಡಿ ಮೇಲಿನ ಬೀದಿಗಳನ್ನೆಲ್ಲ ಸುತ್ತಿ ಕೊನೆಗೆ ನಮ್ಮಲ್ಲಿಗೆ ಇಳಿಯುತ್ತಿತ್ತು. ಅಷ್ಟು ಹೊತ್ತಿಗೆ ಗಾಡಿಯಲ್ಲಿ ಉಳಿಯುತ್ತಿದ್ದದ್ದು ಜಜ್ಜಿದ ಟೊಮೆಟೊ, ಬಾಡಿದ ಸೊಪ್ಪು, ಹತ್ತು ಕೈಗಳು ಒತ್ತಿ ನೋಡಿ ಬೇಡವೆಂದು ಬಿಟ್ಟ ಬದನೆಕಾಯಿ. ಚಳಿಗಾಲದಲ್ಲಿ ಅದೂ ಸಿಗುತ್ತಿರಲಿಲ್ಲ. ಗುಡ್ಡದ ರಸ್ತೆ ಕುಸಿದರೆ ಗಾಡಿಯೇ ಬರದು. ಹಿತ್ತಲಲ್ಲಿ ಏನಾದರೂ ಬೆಳೆಯೋಣ ಎಂದರೆ, ಇಬ್ಬನಿ ಹೆಪ್ಪುಗಟ್ಟಿ ಸಸಿಗಳೆಲ್ಲ ಒಂದೇ ಬೆಳಗಿಗೆ ಕರಕಲು.

ಈ ಬೀದಿಯಲ್ಲಿ ಮೊದಲು ಹಸಿರುಮನೆ ಕಟ್ಟಿದವಳು ಹೊಲಿಗೆ ಅಕ್ಕ. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಬದುಕುವವಳು. ಹಳೇ ಕಟ್ಟಡ ಕೆಡವಿದ ಕಡೆಯಿಂದ ಗಾಜಿನ ಕಿಟಕಿಗಳನ್ನು ಹೊತ್ತು ತಂದು, ಹಿತ್ತಲಲ್ಲಿ ಒಂದಕ್ಕೊಂದು ಜೋಡಿಸಿ ನಿಲ್ಲಿಸಿದಳು. ಮೊದಲನೆಯದನ್ನು ಗಾಳಿ ಕಿತ್ತು ಬಿಸಾಡಿತು. ಎರಡನೆಯದರಲ್ಲಿ ಗಿಡಗಳೆಲ್ಲ ಬೂಸ್ಟು ಹಿಡಿದು ಕೊಳೆತವು. ಮೂರನೆಯದು ನಿಂತಿತು.

ಅವಳ ತಮ್ಮನ ಮನೆ ಅದೇ ಸಾಲಿನಲ್ಲಿ, ಸ್ವಲ್ಪ ಆಚೆ. ಅವನು ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರುವವರ ಮೇಲಿನ ಮೇಸ್ತ್ರಿ. ಎಲ್ಲದಕ್ಕೂ ಅವಸರ. ಅಂಗಿಯ ಗುಂಡಿಯನ್ನು ದಾರಿಯಲ್ಲಿ ಹಾಕಿಕೊಳ್ಳುವ ಜಾತಿ. ಬೀದಿಯವರೆಲ್ಲ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಬೆಳಕು ಹರಿಯುವ ಮುಂಚೆಯೇ ಹೊರಡುತ್ತಾಳೆ. ಅಕ್ಕ ತಮ್ಮ ಇಬ್ಬರ ತಾಯಿ ಇದ್ದದ್ದು ಮಗನ ಮನೆಯಲ್ಲೇ. ಇಡೀ ಬೀದಿಗೆ ಅವರು ಅಜ್ಜಿ.

ಅಕ್ಕ ಮೂರನೇ ಸಲ ಗಾಜು ಕೂರಿಸುತ್ತಿದ್ದಾಗ ಗಡಿಬಿಡಿ ಬೇಲಿಯ ಆಚೆ ನಿಂತು ನಕ್ಕಿದ್ದ.

"ಏನಕ್ಕಾ ಇದು, ಸೊಪ್ಪಿಗೂ ಬಂಗಲೆ ಕಟ್ತಾ ಇದ್ದೀಯಾ? ಬಾಡಿಗೆ ಕೊಡತ್ತಾ ಅದು?"

"ನಗೋ, ನಗು. ಚಳಿಗಾಲ ಬರ್ಲಿ. ಬಟ್ಟಲು ಹಿಡ್ಕೊಂಡು ನೀನೇ ಬರ್ತೀಯ."

"ನಾನಾ? ಹುಲಿ ಹಸಿದ್ರೆ ಹುಲ್ಲು ತಿನ್ನತ್ತೇನಕ್ಕಾ?"

ಪಕ್ಕದಲ್ಲಿ ಕೂತು ಕಿಟಕಿಯ ಗಾಜು ಒರೆಸುತ್ತಿದ್ದ ಅಜ್ಜಿ ತಲೆ ಎತ್ತಿದರು. "ನೀನು ಹುಲೀನೇ ಕಣಪ್ಪಾ, ಯಾರು ಇಲ್ಲ ಅಂದ್ರು? ಆದ್ರೆ ಈ ಮುದಿ ಹುಲಿಗೆ ಹಲ್ಲಿಲ್ಲ. ನಂಗೆ ಸೊಪ್ಪೇ ಆಗ್ಬೇಕು."

ಆ ಚಳಿಗಾಲದಲ್ಲಿ ರಸ್ತೆ ನಿಜಕ್ಕೂ ಕುಸಿಯಿತು. ವಾರಗಟ್ಟಲೆ ಗಾಡಿ ಬರಲಿಲ್ಲ. ಬೀದಿಯ ಮನೆಗಳಲ್ಲಿ ಆಲೂಗಡ್ಡೆ, ಈರುಳ್ಳಿ, ಮತ್ತೆ ಆಲೂಗಡ್ಡೆ. ಹೊಲಿಗೆ ಅಕ್ಕನ ಗಾಜಿನ ಒಳಗೆ ಮಾತ್ರ ಪಾಲಕ್ ಎದ್ದು ನಿಂತಿತ್ತು. ಟೊಮೆಟೊ ಕೆಂಪಗಾಗುತ್ತಿತ್ತು. ಅಜ್ಜಿ ಬಟ್ಟಲು ಹಿಡಿದು ಮಗಳ ಮನೆಗೆ ಹೊರಟರೆ, ಊಟ ಮುಗಿಸಿಯೇ ವಾಪಸಾಗುತ್ತಿದ್ದರು.

ಗೋದಾಮಿನಲ್ಲಿ ಯಾರೋ ಕೇಳಿಯೇ ಬಿಟ್ಟರು. "ಏನ್ ಮೇಸ್ತ್ರಿ, ನಿಮ್ಮಮ್ಮಂಗೆ ಮಗಳ ಮನೇಲೇ ಊಟನಂತೆ?"

ಈ ಮಾತು ಅವನಿಗೆ ಚುಚ್ಚಿತು. ಚಳಿ ಇಳಿದದ್ದೇ ತಡ, ತಾನೂ ಹಸಿರುಮನೆ ಕಟ್ಟುತ್ತೇನೆಂದು ಎದ್ದ. ಅಕ್ಕನದಕ್ಕಿಂತ ದೊಡ್ಡದು. ಅವಳಿಗೆ ಅದರಿಂದ ಖುಷಿಯೇ ಆಯಿತು. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ತಮ್ಮನ ಹಿತ್ತಲು ನೋಡಿದಳು.

"ಉದ್ದದ ಗೋಡೆ ಬಿಸಿಲಿನ ಕಡೆ ಇರ್ಲಿ. ಕಂಬಗಳನ್ನ ಆಳಕ್ಕೆ ಹೂಳು, ಇಲ್ಲಾಂದ್ರೆ ಗಾಳಿ ಎತ್ಕೊಂಡು ಹೋಗತ್ತೆ. ಸೂರಿನ ನೀರು ಡ್ರಮ್ಮಿಗೆ ಬೀಳೋ ಹಾಗೆ ತಗಡಿನ ದೋಣಿ ಕಟ್ಟು. ಡ್ರಮ್ಮಿಗೆ ಕಪ್ಪು ಬಣ್ಣ ಹೊಡ್ದು ಒಳಗೇ ಇಟ್ಕೋ. ಹಗಲು ಬಿಸಿ ಕುಡಿಯತ್ತೆ, ರಾತ್ರಿ ಗಿಡಕ್ಕೆ ಕೊಡತ್ತೆ."

"ಗೊಬ್ಬರಕ್ಕೇನು? ಅಂಗಡಿಯಿಂದ ತರ್ಲಾ?"

"ಅಂಗಡಿಗೆ ಯಾಕೆ ಕೈ ಚಾಚ್ತೀಯ? ಅಡುಗೆಮನೆ ಸಿಪ್ಪೆ, ಒಣಗಿದ ಎಲೆ, ಎಲ್ಲಾ ಗುಂಡಿಗೆ ಹಾಕು. ಚೆನ್ನಾಗಿ ಬೆಳೆದ ಗಿಡದಲ್ಲಿ ಒಂದೆರಡು ಕಾಯಿ ಕೀಳ್ದೆ ಬಿಡು, ಮುಂದಿನ ವರ್ಷದ ಬೀಜ ಅದು. ನೀರು, ಗೊಬ್ಬರ, ಬೀಜ ನಮ್ಮನೇದೇ ಆದ್ರೆ ಯಾರ ಹಂಗೂ ಇಲ್ಲ."

ಆಮೇಲೆ ಅವಳು ಮೇಲೆ ಕೈ ತೋರಿಸಿದಳು. "ಚಾವಣೀಲಿ ತೆಗೆದು ಮುಚ್ಚೋ ಕಿಟಕಿ ಇಡು. ಕೆಳಗೆ ಎದುರುಬದುರು ಎರಡು. ಕಿಟಕಿಗೆ ಹಾಕೋ ಬಲೆ ನಾನೇ ಹೊಲಿದು ಕೊಡ್ತೀನಿ, ಹುಳ ಒಳಗೆ ಬರಲ್ಲ. ದಿನಾ ಬಿಸಿಲೇರಿದ ಮೇಲೆ ತೆಗೀಬೇಕು, ಸಂಜೆ ಮುಚ್ಚಬೇಕು."

"ಕಷ್ಟಪಟ್ಟು ಬಿಸಿ ಹಿಡಿದಿಟ್ಟು, ಕಿಟಕಿ ತೆಗೆದು ಊರಿಗೆಲ್ಲ ಹಂಚ್ಲಾ?"

"ಗಿಡಕ್ಕೂ ಉಸಿರಿದೆ ಕಣೋ. ಒಳಗಿನ ಗಾಳಿ ಆಡದಿದ್ರೆ ಎಲೆ ಮೇಲೆ ನೀರು ಕೂರತ್ತೆ, ಬೂಸ್ಟು ಬರತ್ತೆ, ಹಿಂದೇನೇ ಹುಳ. ನನ್ನ ಎರಡನೇದು ಹಾಳಾಗಿದ್ದೇ ಹಾಗೆ. ಹುಳ ಬಂದ್ರೆ ನಂಗೆ ಹೇಳು. ಸೋಪಿನ ನೀರಲ್ಲಿ ಎಲೆಯ ಅಡಿ ತೊಳ್ಯೋಣ, ಕೆಟ್ಟ ಎಲೆ ಕಿತ್ತು ದೂರ ಹಾಕೋಣ. ವಿಷ ಮಾತ್ರ ತರ್ಬೇಡ. ಮುಚ್ಚಿದ ಜಾಗದಲ್ಲಿ ವಿಷ ಹೊಡೆಯೋದೂ ಒಂದೇ, ಮನೆಯವರ ಮುಖಕ್ಕೆ ಹೊಡೆಯೋದೂ ಒಂದೇ."

"ಆಯ್ತಕ್ಕಾ, ಆಯ್ತು," ಎಂದ. ಅವನ ಕಣ್ಣು ಆಗಲೇ ಕಂಬದ ಮೇಲಿತ್ತು.

ಒಂದು ಮಾತಂತೂ ಸತ್ಯ. ಅವನು ಕಂಬ ಆಳವಾಗಿಯೇ ಹೂಳಿದ, ದೋಣಿ ಕಟ್ಟಿದ, ಗುಂಡಿ ತೋಡಿದ. ಕಿಟಕಿ ಮಾತ್ರ ಇಡಲಿಲ್ಲ. ಸಂದುಗಳಿಗೆಲ್ಲ ಮೇಣ ಮೆತ್ತಿ, ಬೆರಳು ಸವರಿ, "ಇರುವೆ ಉಸಿರಾಡೋಕೂ ಜಾಗ ಇಲ್ಲ ನೋಡು," ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದ. ಅಕ್ಕ ಹೊಲಿದು ಕೊಟ್ಟ ಬಲೆ ಅಟ್ಟ ಸೇರಿತು.

ಮತ್ತೆ ಚಳಿ ಬಂದಾಗ ಅವನ ಹಸಿರುಮನೆ ತುಂಬಿ ನಿಂತಿತ್ತು. ಎಲ್ಲರಿಗಿಂತ ಹೆಚ್ಚು ಸಂತೋಷ ಅಜ್ಜಿಗೆ. ಅವರಿಗೆ ಮಂಡಿನೋವು, ವಯಸ್ಸಾದಂತೆ ವಾಸನೆಯೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದೊಡನೆ ಒಳಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಚಳಿ ನುಗ್ಗದಂತೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ಟೊಮೆಟೊ ಹೂವಿನ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಗಾಳಿ, ದುಂಬಿ ಇಲ್ಲದ ಕಡೆ ಹೀಗೆ ತಟ್ಟಿದರೇ ಕಾಯಿ ಕಟ್ಟುವುದು ಎಂದು ಮಗಳು ಕಲಿಸಿಕೊಟ್ಟಿದ್ದಳು.

"ನನ್ನ ಮಗ ನಂಗೆ ಬೆಚ್ಚಗಿನ ಕೋಣೆ ಕಟ್ಟಿಸಿದ್ದಾನೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಗಾಳಿ ಆಡದ ಕಡೆ ಆಗಬೇಕಾದದ್ದೇ ಆಯಿತು. ಎಲೆಗಳ ಅಡಿಯಲ್ಲಿ ಬಿಳಿ ನೊಣ ಮುತ್ತಿತು. ಮುಟ್ಟಿದರೆ ಹಿಟ್ಟು ಹಾರಿದ ಹಾಗೆ ಏಳುತ್ತಿತ್ತು. ಅಕ್ಕನಿಗೆ ಹೇಳಿದರೆ, "ಕಿಟಕಿ ಎಲ್ಲೋ?" ಎನ್ನುತ್ತಾಳೆ. ಅದು ಅವನಿಗೆ ಬೇಡ. ಗೋದಾಮಿನಲ್ಲಿ ಧಾನ್ಯದ ಹುಳಕ್ಕೆ ಔಷಧ ಹೊಡೆಯುವವನ ಹತ್ತಿರ ಪಿಸುಮಾತಿನಲ್ಲಿ ಕೇಳಿದ. ಆತ ಒಂದು ಹಣ್ಣಿನ ರಸದ ಖಾಲಿ ಬಾಟಲಿಗೆ ಒಂದಷ್ಟು ಸುರಿದು ಕೊಟ್ಟ. "ಒಂದು ಮುಚ್ಚಳ ಸಾಕು. ಬಾಗಿಲು ಭದ್ರ ಮಾಡಿ ಬಂದ್ಬಿಡು, ಒಂದು ನೊಣ ಉಳಿಯಲ್ಲ."

ಬಾಟಲಿಯ ಮೇಲೆ ಕಿತ್ತಳೆ ಹಣ್ಣಿನ ಚಿತ್ರವಿತ್ತು. ಔಷಧದ ಹೆಸರನ್ನು ಅವನು ಕೇಳಲೂ ಇಲ್ಲ, ಆತ ಹೇಳಲೂ ಇಲ್ಲ.

ಆ ಸಂಜೆ ಕೆಲಸದಿಂದ ಬಂದವನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆದ. ಒಂದು ಮುಚ್ಚಳ ಎಂದಿದ್ದ ಆತ. ಬೇಗ ಕೆಲಸ ಆಗಲಿ ಎಂದು ಎರಡು ಹಾಕಿದ. ಬಾಗಿಲು ಎಳೆದು ಮನೆಯೊಳಗೆ ಬಂದ. ಅಜ್ಜಿಗೆ ಆಗಲೇ ಜೋಂಪು ಹತ್ತಿತ್ತು. ಎಬ್ಬಿಸುವುದೇಕೆ, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡ. ಬೆಳಿಗ್ಗೆ ಗೋದಾಮಿಗೆ ಲಾರಿ ಬಂದು ನಿಂತಿದೆ ಎಂದು ಫೋನ್ ಬಂತು. ಓಡಿದ.

ಬೇಕರಿಯಿಂದ ಬಂದ ಸೊಸೆಗೆ ಮನೆಯಲ್ಲಿ ಅತ್ತೆ ಕಾಣಲಿಲ್ಲ. ನಾದಿನಿಯ ಮನೆಗೆ ಹೋಗಿರಬೇಕು ಎಂದುಕೊಂಡು ಬ್ರೆಡ್ಡು ಹಾಲು ಎತ್ತಿಟ್ಟಳು. ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದಾಗ, ಬೆವರಿದ ಗಾಜಿನ ಆಚೆ ಕೆಳಗೆ, ಡ್ರಮ್ಮಿನ ಪಕ್ಕದಲ್ಲಿ ಅಜ್ಜಿಯ ನೀಲಿ ಶಾಲು ಕಂಡಿತು.

ಅವಳ ಕೂಗಿಗೆ ಹೊಲಿಗೆ ಅಕ್ಕ ಓಡಿ ಬಂದಳು. ಬಾಗಿಲು ತೆರೆದ ಕೂಡಲೇ ಘಾಟು ಇಬ್ಬರ ಮುಖಕ್ಕೂ ಬಡಿಯಿತು. ಅಕ್ಕ ಸೊಸೆಯನ್ನು ಹಿಂದಕ್ಕೆ ತಳ್ಳಿ, ಗುದ್ದಲಿಯ ಹಿಡಿಯಿಂದ ಹೊರಗಿನಿಂದಲೇ ಗಾಜು ಒಡೆದಳು. ಘಾಟು ಇಳಿದ ಮೇಲೆ ಉಸಿರು ಬಿಗಿ ಹಿಡಿದು ಒಳಗೆ ಹೋಗಿ ಅಮ್ಮನನ್ನು ಎಳೆದು ತಂದಳು. ಅಜ್ಜಿಯ ಬಾಯಲ್ಲಿ ನೊರೆ ಇತ್ತು. ಜೀವ ಇತ್ತು. ಬೇಕರಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಸುದ್ದಿ ತಿಳಿದು ಗಡಿಬಿಡಿ ಬರುವ ಹೊತ್ತಿಗೆ ಡಾಕ್ಟರು ಬಾಗಿಲಲ್ಲೇ ಕಾದಿದ್ದರು.

"ಯಾವ ಔಷಧ ಹೊಡೆದಿದ್ರಿ?"

"ಹುಳದ ಔಷಧ ಸಾರ್."

"ಅದು ಗೊತ್ತಾಯ್ತು. ಹೆಸರು ಹೇಳಿ. ಹೆಸರು ಗೊತ್ತಾದ್ರೆ ಅದಕ್ಕೆ ತಕ್ಕ ಮದ್ದು ಬೇಗ ಕೊಡಬಹುದು."

ಅವನು ಬಾಟಲಿಗಾಗಿ ಮನೆಗೆ ಓಡಿದ. ಡಾಕ್ಟರು ಕಿತ್ತಳೆ ಹಣ್ಣಿನ ಚಿತ್ರ ನೋಡಿದರು, ಅವನ ಮುಖ ನೋಡಿದರು. ಅವನು ಗೋದಾಮಿಗೆ ಓಡಿದ. ಔಷಧ ಕೊಟ್ಟವನು ಮುಖ ತಿರುಗಿಸಿದ. "ನಾನಾ? ನಾನು ಯಾವಾಗ ಕೊಟ್ಟೆ? ನನ್ನ ಹೊಟ್ಟೆ ಮೇಲೆ ಹೊಡೀಬೇಡಪ್ಪ."

ಡಾಕ್ಟರು ಲಕ್ಷಣ ನೋಡಿ ತಮಗೆ ತೋಚಿದ್ದನ್ನೆಲ್ಲ ಮಾಡಿದರು. ಅಜ್ಜಿ ಮಾರನೇ ದಿನ ತೀರಿಕೊಂಡರು. ಕಡೆಗೊಮ್ಮೆ ಎಚ್ಚರವಾದಾಗ ಮಗನ ಕೈ ಹಿಡಿದು, "ಗಿಡ ಸರಿ ಹೋಯ್ತೇನಪ್ಪಾ?" ಎಂದು ಕೇಳಿದರಂತೆ.

ನೆಂಟರೆಲ್ಲ ಹೋದ ಮೇಲೆ ಅವನು ಕಬ್ಬಿಣದ ಸಲಾಕೆ ಹಿಡಿದು ಹಿತ್ತಲಿಗೆ ನಡೆದ. ಹೊಲಿಗೆ ಅಕ್ಕ ಬೇಲಿಯ ಹತ್ತಿರ ನಿಂತಿದ್ದಳು.

"ಇದನ್ನ ಪುಡಿ ಮಾಡ್ಬಿಡ್ತೀನಿ ಅಕ್ಕಾ. ನಮ್ಮಮ್ಮನ್ನ ತಿಂದುಬಿಡ್ತು ಇದು."

"ಒಡಿ. ಗಾಜಿನ ಮೇಲೆ ತಪ್ಪು ಹಾಕಿದ್ರೆ ನಿಂಗೆ ನಿದ್ದೆ ಬರತ್ತೆ ಅಂತಾದ್ರೆ ಒಡಿ. ನನ್ನ ಹಿತ್ತಲಲ್ಲೂ ಒಂದಿದೆ. ಅದು ಅಮ್ಮನಿಗೆ ಮೂರು ಹೊತ್ತು ಅನ್ನಕ್ಕೆ ಸೊಪ್ಪು ಕೊಡ್ತು. ಅದನ್ನೂ ಬಂದು ಒಡಿತೀಯಾ?"

ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. "ನಾನು ಬೇಕರಿಗೆ ಹೊರಡುವಾಗ ಅತ್ತೆ ಎದ್ದಿದ್ರು. ಬಾಗಿಲ ತನಕ ಬಂದು ಶಾಲು ಹೊದ್ಕೊ ಅಂದ್ರು. ನಂಗೊಂದು ಮಾತು ಹೇಳಿದ್ರೆ ಸಾಕಿತ್ತಲ್ರೀ. ಒಂದೇ ಒಂದು ಮಾತು."

ಅವನು ಸಲಾಕೆಯನ್ನು ಬೇಲಿಗೆ ಒರಗಿಸಿದ. ಅಲ್ಲೇ ನೆಲದ ಮೇಲೆ ಕೂತ. ಯಾರೂ ಹೋಗಿ ಎಬ್ಬಿಸಲಿಲ್ಲ.

ಆ ಹಸಿರುಮನೆ ಒಂದಿಡೀ ಬೆಳೆಗಾಲ ಬಾಗಿಲು ತೆರೆದುಕೊಂಡು ಖಾಲಿ ಬಿದ್ದಿತ್ತು. ಕೃಷಿ ಕಚೇರಿಯವರನ್ನು ಕರೆಸಿ, ಅವರು ಹೇಳಿದಂತೆ ಗಿಡಗಳನ್ನೂ ಮೇಲ್ಮಣ್ಣನ್ನೂ ತೆಗೆಸಿದರು. ದನಕರುಗಳ ಬಾಯಿಗೆ ಹೋಗದಂತೆ ವಿಲೇವಾರಿ ಮಾಡಿಸಿದರು. ಆಮೇಲೆ ಅವನು ಅಟ್ಟದಿಂದ ಬಲೆ ಇಳಿಸಿದ. ಚಾವಣಿಯಲ್ಲಿ ಕಿಟಕಿ ಇಡಿಸಿದ, ಕೆಳಗೆ ಎದುರುಬದುರು ಎರಡು. ಪ್ರತಿಯೊಂದಕ್ಕೂ ಅಕ್ಕನ ಬಾಗಿಲಿಗೆ ಹೋಗಿ ಕೇಳಿದ. ಅವಳು ಪ್ರತಿಯೊಂದನ್ನೂ ಹೇಳಿಕೊಟ್ಟಳು. ಗಿಡದ ವಿಷಯ ಬಿಟ್ಟು ಬೇರೆ ಮಾತನ್ನು ಅವಳು ಇಂದಿಗೂ ಅವನೊಡನೆ ಆಡುವುದಿಲ್ಲ.

ಮೊದಲ ಸೊಪ್ಪು ಬಂದ ದಿನ ಹೆಂಡತಿ ಅದನ್ನು ಮುಟ್ಟಲಿಲ್ಲ. ಎರಡನೇ ಕೊಯ್ಲನ್ನೂ ಪಕ್ಕದ ಮನೆಗೆ ಕೊಟ್ಟಳು. ಒಂದು ದಿನ ತಾನೇ ಒಳಗೆ ಹೋಗಿ, ಕಿಟಕಿಗಳನ್ನು ಒಂದೊಂದಾಗಿ ತಳ್ಳಿ ನೋಡಿ, ಎಲೆಯ ಅಡಿ ತಿರುಗಿಸಿ ನೋಡಿ, ಒಂದು ಹಿಡಿ ಕಿತ್ತು ತಂದು ಬೇಯಿಸಿದಳು. ಇಬ್ಬರೂ ಕೂತು ಉಂಡರು. "ಅತ್ತೆಗೆ ಇಷ್ಟ ಆಗ್ತಿತ್ತು," ಎಂದಷ್ಟೇ ಅಂದಳು.

ಈಗ ನಮ್ಮ ಬೀದಿಯ ಬಹಳಷ್ಟು ಹಿತ್ತಲುಗಳಲ್ಲಿ ಹಸಿರುಮನೆಗಳಿವೆ. ರಸ್ತೆ ಕುಸಿದರೂ ನಮ್ಮ ಒಲೆಯ ಮೇಲೆ ಸೊಪ್ಪು ಬೇಯುತ್ತದೆ. ಇದು ಒಳ್ಳೆಯ ಸುದ್ದಿಯೇ. ಆದರೆ ಅದಕ್ಕೆ ನಮ್ಮ ಬೀದಿ ಒಂದು ಜೀವ ತೆತ್ತಿದೆ. ನೀವು ತೆರಬೇಕಾಗಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಸಿರುಮನೆ ಕಟ್ಟಿ. ದೊಡ್ಡದೇ ಆಗಬೇಕೆಂದಿಲ್ಲ, ಹಳೇ ಕಿಟಕಿಗಳಿದ್ದರೂ ಸಾಕು. ನೀರು ಸೂರಿನಿಂದ ಬರಲಿ, ಗೊಬ್ಬರ ಗುಂಡಿಯಿಂದ, ಬೀಜ ನಿಮ್ಮದೇ ಗಿಡದಿಂದ. ಗಾಳಿ ಆಡಲು ಕಿಟಕಿ ಇಡಿ, ಕಿಟಕಿಗೆ ಬಲೆ ಕಟ್ಟಿ. ಹುಳ ಬಂದರೆ ಬಲ್ಲವರನ್ನು ಕೇಳಿ, ಕೇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಹೆಸರಿಲ್ಲದ ಬಾಟಲಿಯನ್ನು ಯಾರು ಕೊಟ್ಟರೂ ಮನೆಗೆ ತರಬೇಡಿ. ಮುಚ್ಚಿದ ಜಾಗದಲ್ಲಿ ವಿಷ ಹೊಡೆಯಲೇಬೇಡಿ.

ಬೆಳೆದದ್ದರಲ್ಲಿ ಮೊದಲ ತುತ್ತನ್ನು ಮನೆಯ ಹಿರಿಯರಿಗೆ ಬಡಿಸಿ. ಅವರು ಎದುರಿಗೆ ಕೂತಿರುವಾಗಲೇ ಬಡಿಸಿ.