ಬೆಲ್ಲ ಬಳಿದ ತೊಡೆ

ನಮ್ಮ ಓಣಿಯಲ್ಲಿ ಹಂದಿ ಕೊಯ್ದರೆ ಏಳು ಮನೆಗೆ ಏಳು ಪಾಲು. ಗೋಣಿತಟ್ಟಿನ ಮೇಲೆ ಏಳು ಗುಂಪಿ ಹಾಕುತ್ತಾರೆ. ಪ್ರತಿ ಗುಂಪಿಯಲ್ಲೂ ತೊಡೆಯದಿಷ್ಟು, ಪಕ್ಕೆಯದಿಷ್ಟು, ಕೊಬ್ಬು, ಚರ್ಮ ಎಲ್ಲವೂ ಇರಲೇಬೇಕು. ಪಾಲು ಹಾಕಿದವನು ಕೊನೆಗೆ ಉಳಿದ ಗುಂಪಿ ತೆಗೆದುಕೊಳ್ಳಬೇಕು. ಹಾಗಿದ್ದರೆ ಕೈ ತಾನಾಗಿ ನೆಟ್ಟಗಿರುತ್ತದೆ. ಪಾಲು ಹಾಕುವವನು ನನ್ನ ಅಪ್ಪ ಚಂದ್ರಾಮ. ಅದಕ್ಕೇ ಹಿಲ್ಡಾ ಸಿಸ್ಟರ್ ಇಡೀ ಹಿಂಗಾಲು ಬೇಕು ಎಂದಾಗ ಅಪ್ಪ ತಲೆ ಕೆರೆದುಕೊಂಡ.

"ಇಡೀ ಕಾಲ ನಿಮಗ ಕೊಟ್ಟರ ಉಳದ ಪಾಲೆಲ್ಲಾ ಕುಂಟ ಆಕ್ಕಾವಲ್ರಿ ಸಿಸ್ಟರ."

"ಕುಂಟಲಿ ಮಾರಾಯ. ಕ್ರಿಸ್ಮಸ್ಸಿಗೆ ನಮ್ಮ ಮನೆಯಲ್ಲಿ ಹ್ಯಾಮ್, ಅಂದರೆ ಇಡೀ ತೊಡೆ ಬೇಯಿಸಿದ್ದು, ಇಲ್ಲದೆ ಹಬ್ಬವೇ ಇಲ್ಲ. ಈ ಊರಿಗೆ ಬಂದು ಮೂರು ವರ್ಷ ಆಯ್ತು, ಮೂರು ವರ್ಷವೂ ಕೇಕ್ ತಿಂದು ಸುಮ್ಮನಾದೆ. ಈ ಸಲ ನಿನ್ನ ಮಗಳು ಇದ್ದಾಳೆ ಕೈಗೆ. ಮತ್ತೆ ಕೇಳು, ಹಬ್ಬದ ದಿವಸ ನೀನೂ ಬರಬೇಕು. ಟೇಬಲ್ಲಿನಲ್ಲಿ ನಮ್ಮ ಜೊತೆ ಕೂತು ಊಟ ಮಾಡಬೇಕು. ಮೊದಲನೇ ತುಂಡು ನಿನಗೆ."

ಅಪ್ಪ ನಕ್ಕ. ಆದರೆ ಮನೆಗೆ ಬಂದವನೇ ಟ್ರಂಕಿನಿಂದ ಬಿಳಿ ಅಂಗಿ ತೆಗೆದು ಇಸ್ತ್ರಿಗೆ ಕೊಟ್ಟ. ಅವ್ವ ಇದ್ದಾಗ ಕೊಂಡ ಅಂಗಿ. ಹಬ್ಬಕ್ಕೆ ಇನ್ನೂ ಎಂಟು ದಿನವಿತ್ತು.

ಹಿಲ್ಡಾ ಸಿಸ್ಟರ್ ನಮ್ಮ ಇಂಡಿ ಊರಿನ ದವಾಖಾನೆಯಲ್ಲಿ ನರ್ಸ್, ಮಂಗಳೂರಿನ ಕಡೆಯವರು. ಅವರ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಮನೆಗೆಲಸ ಮಾಡಿ, ಮಧ್ಯಾಹ್ನ ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ನಾನು ಯಾರ ಮಗಳೆಂದು ಸಿಸ್ಟರಿಗೆ ಗೊತ್ತು. ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಏಳನೆಯ ಇಯತ್ತೆಗೆ ನಾನು ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಒಂದು ಹಂದಿ ಗೇಟು ದಾಟಿ ಬಯಲಿಗೆ ಬಂತು. ಅದು ನಮ್ಮದಲ್ಲ, ಕಿವಿಯ ಗುರುತು ಬೇರೆ ಇತ್ತು. ಆದರೂ ಮುನ್ನೂರು ಹುಡುಗರು ಹಂದಿಯನ್ನು ಬಿಟ್ಟು ನನ್ನ ಕಡೆ ನೋಡಿದರು. ಯಾರೂ ನಗಲೂ ಇಲ್ಲ, ಬರೀ ನೋಡಿದರು. ಮರುದಿನ ಹೊಟ್ಟೆನೋವು ಎಂದೆ. ಅದು ವಾಸಿಯಾಗಲೇ ಇಲ್ಲ.

ಹೊಲಿಗೆ ಕ್ಲಾಸಿನಲ್ಲಿ ಮೊದಲ ದಿನ ಪಕ್ಕದ ಮಷೀನಿನ ವಿಜಯಲಕ್ಷ್ಮಿ, "ನಿಮ್ಮಪ್ಪ ಏನ ಮಾಡ್ತಾನ?" ಎಂದು ಕೇಳಿದಳು. ಅವಳು ಬೊಬಿನ್ನಿಗೆ ದಾರ ಸುತ್ತುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. "ನಿಂಬಿಹಣ್ಣಿನ ವ್ಯಾಪಾರ," ಎಂದುಬಿಟ್ಟೆ. ಇಂಡಿಯಲ್ಲಿ ಅದಕ್ಕಿಂತ ಸುಲಭದ ಸುಳ್ಳಿಲ್ಲ; ಹತ್ತರಲ್ಲಿ ನಾಲ್ವರು ನಿಂಬೆಯವರೇ. ಒಂದೆರಡು ವಾರ ಅವಳು, "ಈ ಸಲ ಹಣ್ಣ ಹೆಂಗದಾವ?" ಎಂದು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಸುಳ್ಳು ಗಟ್ಟಿಯಾಗಿ ಕೂತಿತು ಎಂದು ನನಗೆ ಸಮಾಧಾನವಾಯಿತು. ವಿಜಯಲಕ್ಷ್ಮಿ ತಾನು ಬರೆದ ಅಳತೆಯ ಪುಸ್ತಕ ನನಗೆ ಕೊಡುತ್ತಿದ್ದಳು, ತನ್ನ ಬುತ್ತಿಯ ಶೇಂಗಾ ಹೋಳಿಗೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಅವಳ ಮನೆಯಲ್ಲಿ ಉಳ್ಳಾಗಡ್ಡಿ ಬಿಟ್ಟರೆ ವಾಸನೆಯ ವಸ್ತು ಏನೂ ಬೇಯುವುದಿಲ್ಲ.

ಭಾನುವಾರ ಹಂದಿ ಕೊಯ್ದರು. ಅಪ್ಪ ತನ್ನ ಪಾಲಿಗೆ ಇಡೀ ಕಾಲನ್ನೇ ಹಿಡಿದು, ಪಕ್ಕೆ, ಕೊಬ್ಬು ಎಲ್ಲವನ್ನೂ ಉಳಿದ ಆರು ಮನೆಗೆ ಬಿಟ್ಟುಕೊಟ್ಟ. ಜೋಳದ ಕಣಿಕೆಯ ಬೆಂಕಿಯಲ್ಲಿ ಕೂದಲು ಸುಟ್ಟು, ಕುಡುಗೋಲಿನ ಬೆನ್ನಿನಿಂದ ಕೆರೆದು, ತೊಳೆದು, ಅರಿಶಿಣ ಹಚ್ಚಿ, ಮರುದಿನ ನಸುಕಿನಲ್ಲೇ ಸಿಸ್ಟರಿನ ಹಿತ್ತಲ ಬಾಗಿಲಿಗೆ ತಂದ.

"ಅಯ್ಯೋ, ಮದುಮಗಳ ಹಾಗೆ ಅರಿಶಿಣ ಹಚ್ಚಿ ತಂದಿದ್ದೀಯಲ್ಲ!" ಎಂದರು ಸಿಸ್ಟರ್.

"ಕಳಸೂದು ಅಂದ ಮ್ಯಾಲ ಚೊಲೊ ಮಾಡೇ ಕಳಸಬೇಕ್ರಿ," ಎಂದ ಅಪ್ಪ. ಸಿಸ್ಟರ್ ಚಹಾ ಕೊಟ್ಟರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅವರು ಕುಡಿಯುವಂಥದ್ದೇ ಕಪ್ಪಿನಲ್ಲಿ ಕುಡಿದ.

ಉಪ್ಪು, ಬೆಲ್ಲ, ಮೆಣಸು, ತೇಜಪತ್ರಿ ಕುದಿಸಿ ಆರಿಸಿದ ನೀರನ್ನು ಬಕೆಟ್ಟಿಗೆ ಹಾಕಿ, ಅದರಲ್ಲಿ ಕಾಲನ್ನು ಮುಳುಗಿಸಿ, ಫ್ರಿಜ್ಜಿನ ಎರಡು ಹಲಗೆ ತೆಗೆದು ಒಳಗಿಟ್ಟೆವು. ದಿನಕ್ಕೆರಡು ಸಲ ಹೊರಳಿಸುವುದು ನನ್ನ ಕೆಲಸ. ಹಬ್ಬದ ಹಿಂದಿನ ದಿನ ಕಾಲನ್ನು ದೊಡ್ಡ ಹಂಡೆಯಲ್ಲಿ ಕುದಿಸಿದೆವು. ಎಲುಬಿನ ತುದಿ ಹಂಡೆಯಿಂದ ಹೊರಗೆ ಚಾಚಿತ್ತು, ಅದರ ಕಡೆ ಇಬ್ಬರೂ ಲಕ್ಷ್ಯ ಕೊಡಲಿಲ್ಲ. ಬೆಂದ ಮೇಲೆ ಚರ್ಮ ಸುಲಿದು, ಬಿಳಿ ಕೊಬ್ಬಿನ ಮೇಲೆ ಚಾಕುವಿನಿಂದ ಓರೆ ಗೆರೆ ಎಳೆದೆ. ಶಂಕರಪಾಳಿ ಕೊಯ್ದ ಹಾಗೆ ಚೌಕ ಚೌಕ ಬಂತು. ಒಂದೊಂದು ಚೌಕದ ನಡುವೆ ಒಂದೊಂದು ಲವಂಗ ಚುಚ್ಚಿದೆ.

"ಹೊಲಿಗೆ ಕಲಿತವಳ ಕೈ ಇದು," ಎಂದರು ಸಿಸ್ಟರ್. ನನಗೆ ಖುಷಿಯಾಯಿತು. ಅಪ್ಪ ತಂದ ವಸ್ತುವಿಗೆ ನಾನು ಖುಷಿಯಿಂದ ಕೈ ಹಚ್ಚಿದ್ದು ಅದೇ ಮೊದಲು.

ಓವನ್ನಿಗೆ ಇಡಲು ಹೋದರೆ ಬಾಗಿಲು ಮುಚ್ಚಲಿಲ್ಲ. ಎಲುಬು ನಾಲ್ಕು ಬೆರಳು ಹೊರಗೆ. ಓರೆ ಮಾಡಿದೆವು, ತಿರುಗಿಸಿದೆವು. ಮನೆಯ ಚಾಕು ಎಲುಬಿನ ಮೇಲೆ ಜಾರಿತು. ಸಿಸ್ಟರ್ ಫೋನ್ ತೆಗೆದರು. "ಚಂದ್ರಾಮ, ನಿನ್ನ ಕತ್ತಿ ತೆಗೊಂಡು ಒಮ್ಮೆ ಬಾ. ಎಲುಬು ಕಡಿದು ಕೊಡು."

ಅವರು ಫೋನಿಟ್ಟು ಸ್ನಾನಕ್ಕೆ ಹೋದರು. ಯಾರೋ ಬಾಗಿಲು ಬಡಿದರು. ಅಪ್ಪ ಇಷ್ಟು ಬೇಗ ಬಂದನೇ ಎಂದು ತೆಗೆದರೆ ವಿಜಯಲಕ್ಷ್ಮಿ ನಿಂತಿದ್ದಳು. ಸಿಸ್ಟರಿನ ಹಬ್ಬದ ರವಿಕೆ ಹೊಲಿಯಲು ಅವಳಿಗೇ ಕೊಟ್ಟಿದ್ದರು.

"ಏನವ್ವಾ ಹನಮವ್ವಾ, ಮಸಾಲಿ ವಾಸನಿ ದವಾಖಾನಿ ಗೇಟಿಗೆ ಬರಾಕತ್ತೈತಿ! ರವಿಕಿ ತಂದೇನಿ. ಸಿಸ್ಟರ ತೊಟ್ಟ ನೋಡ್ಲಿ, ಸಡಲಿದ್ರ ಇಲ್ಲೇ ಟಾಕಿ ಹಾಕತೇನಿ."

"ಕೂಡ್ರು. ಬರ್ತಾರ ಈಗ," ಎಂದೆ. ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡೆ. ಗೇಟಿನ ಕಡೆ ನೋಡಿದೆ. ಅಪ್ಪ ಬರದಿರಲಿ, ಸೈಕಲ್ ಪಂಕ್ಚರ್ ಆಗಲಿ ಎಂದುಕೊಂಡೆ.

ಅಪ್ಪ ಬಂದ. ಗೋಣಿಚೀಲದಲ್ಲಿ ಸುತ್ತಿದ ಕತ್ತಿ ಕಂಕುಳಲ್ಲಿತ್ತು. ತಲೆಗೆ ಸುತ್ತಿದ ಟಾವೆಲಿನ ಮೇಲೆ ಹೊಟ್ಟು ಅಂಟಿತ್ತು. ಹಂದಿಗೆ ಮುಸುರೆ ಹಾಕುತ್ತಿದ್ದವನು ಹಾಗೇ ಎದ್ದು ಬಂದಿದ್ದ. ನನ್ನನ್ನು ನೋಡಿ ಅವನ ಮುಖದಲ್ಲಿ ನಗೆ ಶುರುವಾಗಿತ್ತು.

"ಯಾರವ್ವಾ ಅಂವ?" ಎಂದು ವಿಜಯಲಕ್ಷ್ಮಿ ಕೇಳಿದಳು. ಮೆಲ್ಲಗೇ ಕೇಳಿದಳು.

"ಯಾರೋ," ಎಂದೆ. "ಸಿಸ್ಟರಿಗೆ ಸಾಮಾನ ತಂದ ಕೊಡಾಂವ."

ನಾನು ಮೆಲ್ಲಗೆ ಹೇಳಲಿಲ್ಲ. ಹೆದರಿಕೆಗೆ ನನ್ನ ದನಿ ಎಂದಿಗಿಂತ ದೊಡ್ಡದಾಗಿ ಬಂತು. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದ ಅಪ್ಪ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಶುರುವಾಗಿದ್ದ ನಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಟಾವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಅಕ್ಕಾರ, ಸಿಸ್ಟರ ಅದಾರೇನ್ರಿ? ಎಲುಬ ಕಡಿಯೂದೈತಿ ಅಂದಿದ್ರು."

ನನಗೆ ಅಂದ. ನನ್ನ ಅಪ್ಪ ನನಗೆ 'ರೀ' ಹಚ್ಚಿ ಮಾತಾಡಿದ.

ನಾನು ಒಳಗಿನಿಂದ ತಾಟನ್ನು ಹೊತ್ತು ತಂದು ಹಿತ್ತಲ ಕಟ್ಟೆಯ ಮೇಲಿಟ್ಟೆ. ಅವನು ಮನೆಯೊಳಗೆ ಬರದೆ ಸುತ್ತುಹಾಕಿ ಹಿತ್ತಲಿಗೆ ಬಂದ. ಲವಂಗ ಚುಚ್ಚಿದ ಚೌಕಗಳನ್ನು ಒಂದು ಗಳಿಗೆ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದು, ಹಿಂದಿನ ಬಾಗಿಲಲ್ಲಿ ವಿಜಯಲಕ್ಷ್ಮಿ ನಿಂತದ್ದನ್ನು ನೋಡಿ ಸುಮ್ಮನಾದ. ಎರಡು ಏಟಿಗೆ ಎಲುಬು ತುಂಡಾಯಿತು. ಒಂದು ಲವಂಗವೂ ಅಲುಗಲಿಲ್ಲ.

"ಒಂದೀಟ ನೀರ ಹಾಕ್ರಿ ಅಕ್ಕಾರ, ಕೈ ತೊಳಕೊತೇನಿ."

ನಲ್ಲಿ ಅಲ್ಲೇ ಇತ್ತು, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಆದರೆ ಅವನು ನಲ್ಲಿಯನ್ನು ಮುಟ್ಟಲಿಲ್ಲ. ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಜೋಡಿಸಿ ಒಡ್ಡಿದ. ಅಜ್ಜ ಹಾಗೆ ಒಡ್ಡುತ್ತಿದ್ದನಂತೆ, ಕಂಡವರ ಮನೆಯ ಮುಂದೆ. ಅಪ್ಪ ಹಾಗೆ ಒಡ್ಡಿದ್ದನ್ನು ನಾನು ಅಲ್ಲಿಯವರೆಗೆ ಎಂದೂ ನೋಡಿರಲಿಲ್ಲ. ನನ್ನ ಸುಳ್ಳಿಗೆ ಒಪ್ಪುವ ಹಾಗೆ ಒಡ್ಡಿದ. ನಾನು ತಂಬಿಗೆ ಎತ್ತಿ ಮೇಲಿನಿಂದ ನೀರು ಹಾಕಿದೆ. ಹಾಕದೆ ಇರಬಹುದಿತ್ತು. ಹಾಕಿದೆ.

ಅಷ್ಟರಲ್ಲಿ ಸಿಸ್ಟರ್ ತಲೆಗೆ ಟಾವೆಲು ಸುತ್ತಿಕೊಂಡು ಬಂದರು. ಈಗ ಇವರ ಬಾಯಿಂದ 'ನಿನ್ನ ಮಗಳು' ಎಂಬ ಮಾತು ಬರುತ್ತದೆ ಎಂದುಕೊಂಡೆ. ಅಪ್ಪ ನನಗಿಂತ ಮೊದಲೇ ಅದನ್ನು ತಿಳಿದ. ಕತ್ತಿಯನ್ನು ಗೋಣಿಯಲ್ಲಿ ಸುತ್ತುತ್ತ ಎದ್ದುಬಿಟ್ಟ.

"ಆತ್ರಿ ಸಿಸ್ಟರ. ಹೊಕ್ಕೇನ್ರಿ, ಅಲ್ಲಿ ಮುಸುರಿ ಹಂಗ ಬಿಟ್ಟ ಬಂದೇನಿ."

"ನಾಳೆ ಒಂದು ಗಂಟೆಗೆ, ಮರೀಬೇಡ!"

"ನೋಡೂಣ್ರಿ," ಎಂದ ಗೇಟಿನ ಹತ್ತಿರ. ತಿರುಗಿ ನೋಡಲಿಲ್ಲ.

ವಿಜಯಲಕ್ಷ್ಮಿ ರವಿಕೆಯ ತೋಳಿಗೆ ಎರಡು ಟಾಕಿ ಹಾಕಿ ಹೊರಟಳು. ಹೋಗುವಾಗ ನನ್ನ ಕಡೆ ನೋಡಿದಳು. ಸಾಲಿಯ ಬಯಲಿನಲ್ಲಿ ನೋಡಿದವರ ಹಾಗಲ್ಲ. ಹೇಗೆಂದು ಆಗ ತಿಳಿಯಲಿಲ್ಲ.

ಸಂಜೆಯವರೆಗೆ ಓವನ್ನಿನ ಮುಂದೆ ಕೂತೆ. ಬೆಲ್ಲ ಕರಗಿಸಿ, ಎರಡು ನಿಂಬೆಹಣ್ಣು ಹಿಂಡಿ, ಸಾಸಿವೆ ಅರೆದು ಹಾಕಿ ಪಾಕ ಮಾಡಿದ್ದೆವು. ಕಾಲುಗಂಟೆಗೊಮ್ಮೆ ಬಾಗಿಲು ತೆಗೆದು ಕುಂಚದಿಂದ ಬಳಿಯಬೇಕು. ಮೂರು ಸಲ ಬಳಿದ ಮೇಲೆ ಕೊಬ್ಬು ಹೊನ್ನಿನ ಬಣ್ಣಕ್ಕೆ ತಿರುಗಿತು, ಪಾಕ ಚೌಕಗಳ ಗೆರೆಯಲ್ಲಿ ಇಳಿದು ಹೊಳೆಯಿತು. ಆಮೇಲೆ ಒಂದು ಸಲ ಮರೆತೆ. ಆ ಒಡ್ಡಿದ ಕೈಗಳನ್ನು ನೆನೆಯುತ್ತ ಕೂತುಬಿಟ್ಟಿದ್ದೆ. ಸುಟ್ಟ ಬೆಲ್ಲದ ವಾಸನೆ ಬಂದಾಗಲೇ ಎಚ್ಚರ. ಒಂದು ಮಗ್ಗುಲು ಕಪ್ಪಾಗಿತ್ತು.

"ಇರಲಿ, ಕೆತ್ತಿ ತೆಗೆಯುವ," ಎಂದರು ಸಿಸ್ಟರ್. "ಅದಕ್ಕೆಲ್ಲ ಅಳುವುದು ಎಂಥ ಮಾರಾಯ್ತಿ?"

ಮನೆಗೆ ಹೋದಾಗ ಅಪ್ಪ ಊಟ ಮಾಡಿ ಮಲಗಿದ್ದ. ನನ್ನ ತಾಟಿಗೆ ರೊಟ್ಟಿ ಮುಚ್ಚಿಟ್ಟಿದ್ದ.

ಹಬ್ಬದ ದಿನ ನಸುಕಿನಲ್ಲೇ ನಾನು ಸಿಸ್ಟರಿನ ಮನೆಗೆ ಹೋದೆ, ಅವನು ಏಳುವ ಮೊದಲು. ಮಧ್ಯಾಹ್ನ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿದರು. ವಿಜಯಪುರದಿಂದ ಅವರ ಜೊತೆಯ ಇಬ್ಬರು ನರ್ಸ್‌ಗಳು ಬಂದಿದ್ದರು. ಐದು ತಾಟು, ಐದು ಕುರ್ಚಿ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಸಿಸ್ಟರ್ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. "ಬಾ, ನೀನು ಕೂತ್ಕೋ," ಎಂದರು. ಕೂತೆ. ಎದುರಿಗೆ ಐದನೆಯ ತಾಟು ಖಾಲಿ ಇತ್ತು. ಎಲ್ಲರೂ ಹೊಗಳಿದರು. ನಾನು ನನ್ನ ತುಂಡನ್ನು ತಾಟಿನ ಅಂಚಿಗೆ ಸರಿಸಿದೆ. ಮೊದಲು ಕೊಯ್ದ ತುಂಡನ್ನು ಸಿಸ್ಟರ್ ಆಗಲೇ ಬೇರೆ ತೆಗೆದಿಟ್ಟಿದ್ದರು, ದಪ್ಪನೆಯದು, ಸುಡದ ಮಗ್ಗುಲಿನದು. ಅದನ್ನು ಡಬ್ಬಿಗೆ ಹಾಕಿ ನನ್ನ ಕೈಗಿತ್ತರು. "ನಿನ್ನ ಅಪ್ಪನಿಗೆ. ಕೊಟ್ಟ ಮಾತು ಮಾತೇ."

ದಾರಿಯಲ್ಲಿ ವಿಜಯಲಕ್ಷ್ಮಿಯ ಮನೆ. ಅವಳು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ದಾಟಿ ಹೋಗಿದ್ದವಳು ತಿರುಗಿ ಬಂದೆ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಲಿಲ್ಲ.

"ನಿನ್ನೆ ಬಂದಿದ್ನಲ್ಲ, ಅಂವ ನಮ್ಮಪ್ಪ," ಎಂದೆ.

"ಗೊತ್ತೈತಿ."

"ಯಾವಾಗಿಂದ?"

"ನೀ ಕ್ಲಾಸಿಗೆ ಬಂದ ತಿಂಗಳದಿಂದ. ಸಂತ್ಯಾಗ ಅಪ್ಪನ ಸೈಕಲ್ ಮ್ಯಾಲ ಕುಂತಿದ್ದಿ, ನೋಡಿದ್ನಿ. ಮೂಗ ಬ್ಯಾರೆ ಅಚ್ಚ ಅವನ್ದ." ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಅವತ್ತಿಂದ ನಿಂಬಿಹಣ್ಣಿನ ಸುದ್ದಿ ಬಿಟ್ಟೆ. ಎಷ್ಟಂತ ಸುಳ್ಳ ಹೇಳಸಲಿ ನಿನಗ?"

"ಮತ್ತ ನಿನ್ನೆ ಯಾಕ ಕೇಳಿದಿ, ಯಾರ ಅಂತ?"

"ಈಗರೆ ಹೇಳ್ತಿಯೇನೋ ಅಂತ ಕೇಳಿದೆ, ಹುಚ್ಚಿ. ಅಪ್ಪನೇ ಎದುರಿಗೆ ನಿಂತಾನ, ಇನ್ನ ಹೆಂಗ ಇಲ್ಲ ಅಂತಾಳ ಅಂದ್ಕೊಂಡಿದ್ನಿ."

ಅವಳು ಮತ್ತೆ ಅಕ್ಕಿಗೆ ಕೈ ಹಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು. ಯಾರಿಂದ ಏನನ್ನು ಮುಚ್ಚಿಡಲು ಅವನ ಕೈಗೆ ಮೇಲಿನಿಂದ ನೀರು ಹಾಕಿದೆನೋ, ಅವಳಿಗೆ ಅದು ಮೊದಲೇ ಗೊತ್ತಿತ್ತು. ಮುಚ್ಚಿಡಲು ಏನೂ ಇರಲಿಲ್ಲ. ಅಪ್ಪ ನಿನ್ನೆ ಕಟ್ಟೆಯ ಕೆಳಗೆ ಸುಮ್ಮಸುಮ್ಮನೆ ಕೂತಿದ್ದ.

ಮನೆಯಲ್ಲಿ ಬಿಳಿ ಅಂಗಿ ಗೂಟಕ್ಕೆ ತೂಗುತ್ತಿತ್ತು, ಇಸ್ತ್ರಿಯ ಮಡಿಕೆ ಮುರಿದಿರಲಿಲ್ಲ. ಅಪ್ಪ ಬನಿಯನ್ನಿನಲ್ಲಿ ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಡಬ್ಬಿ ಮುಂದಿಟ್ಟೆ. ಅವನು ತುಂಡನ್ನು ಎತ್ತಿ, ತಿರುಗಿಸಿ ನೋಡಿ ಕಚ್ಚಿದ.

"ಏ, ಸೀ ಐತಿ!" ಎಂದ. "ಖಂಡಕ್ಕ ಬೆಲ್ಲ ಹಾಕ್ತಾರೇನ್ ಯಾರರೆ? ಹೋಳಗಿ ತಿಂದಂಗ ಆತು." ಆದರೂ ನಿಧಾನವಾಗಿ ಪೂರ್ತಿ ತಿಂದ. ಕೊನೆಗೆ ಉಳಿದ ಲವಂಗವನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದ. "ಗೆರಿ ಚೊಲೊ ಹಾಕಿದ್ದಿ. ನಿನ್ನೆ ಅಲ್ಲೇ ಹೇಳಬೇಕಂದಿದ್ನಿ."

"ಅಪ್ಪಾ, ಯಾಕ ಬರ್ಲಿಲ್ಲ?"

"ಅಲ್ಲಿ ನಿನ್ನ ಗೆಳತ್ಯಾರು ಯಾರರೆ ಬಂದಿದ್ರ?" ಎಂದು ನನ್ನನ್ನೇ ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ನನ್ನ ಸಲುವಾಗಿ ಯೋಚಿಸಿದವನ ಹಾಗೆ ಕೇಳಿದ.

ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದೆ. ಅವನ ಕೈಗೆ ಬೆಲ್ಲ, ಕೊಬ್ಬು ಅಂಟಿತ್ತು. ಎದುರಿಗೆ ಕೂತು, "ಕೈ ಹಿಡಿ, ನಾ ಹಾಕತೇನಿ," ಎಂದೆ.

ಅವನು ಕೈ ಒಡ್ಡಲಿಲ್ಲ. ತಂಬಿಗೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಬ್ಯಾಡ ಬಿಡವಾ," ಎಂದ. "ನಿನ್ನೆ ಹಾಕಿದ್ದ ಸಾಕ."

ಎದ್ದು ಬಚ್ಚಲ ಕಡೆ ಹೋಗಿ, ನನಗೆ ಬೆನ್ನು ಮಾಡಿ, ತಾನೇ ನೀರು ಹಾಕಿಕೊಂಡ.