ಅಕ್ಕನ ಆಕಾಶ

ವರ್ಷದ ಕೊನೆಯ ತಿಂಗಳು ಬಂತೆಂದರೆ ನನಗಿಂತ ಮೊದಲು ನನ್ನ ಬಲಗೈ ಮಣಿಕಟ್ಟು ನಿಟ್ಟುಸಿರು ಬಿಡುತ್ತದೆ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತುವ ಕಸುಬು ನಮ್ಮದು. ಇಂಥ ಕಸುಬಿನವರು ಹನ್ನೊಂದು ಜನ ಒಂದು ಬಳಗ ಮಾಡಿಕೊಂಡಿದ್ದೇವೆ. ಹನ್ನೊಂದು ಜನದ್ದೂ ಬೇರೆ ಬೇರೆ ಊರು. ಹೊಸ ವರ್ಷಕ್ಕೆ ಪ್ರತಿಯೊಬ್ಬರೂ ಉಳಿದ ಹತ್ತು ಜನಕ್ಕೆ ತಾವೇ ಕೆತ್ತಿ ಒತ್ತಿದ ಶುಭಾಶಯದ ಕಾರ್ಡು ಕಳಿಸಬೇಕು. ಮೂವತ್ತನಾಲ್ಕು ವರ್ಷದಿಂದ ಹೀಗೇ ನಡೆದುಬಂದಿದೆ. ಮೊದಮೊದಲು ಅದೊಂದು ಸಂಭ್ರಮ. ಈಗ, ಸುಳ್ಳು ಯಾಕೆ ಹೇಳಲಿ, ಹತ್ತು ಕಾರ್ಡೆಂದರೆ ಹತ್ತು ಮೂಟೆ ಹೊತ್ತಷ್ಟು ಸುಸ್ತು.

ಕಾರ್ಡುಗಳ ಜೊತೆ ಇನ್ನೂ ಏನೇನೋ ಅಂಚೆಯಲ್ಲಿ ಓಡಾಡುತ್ತವೆ. ಒಬ್ಬರ ಮನೆಯ ಸಾಣೆಕಲ್ಲು ಇನ್ನೊಬ್ಬರ ಮನೆಗೆ ಹೋಗಿ ಎರಡು ವರ್ಷ ಸಂಸಾರ ಮಾಡಿಕೊಂಡು ಬರುತ್ತದೆ. ಶಾಯಿ ಗಟ್ಟಿಯಾದರೆ ಏನು ಬೆರೆಸಬೇಕು, ಬೆರಳು ಕೊಯ್ದರೆ ಏನು ಕಟ್ಟಬೇಕು, ಎಲ್ಲಕ್ಕೂ ಯಾರಾದರೊಬ್ಬರ ಪತ್ರ ಇದ್ದೇ ಇರುತ್ತದೆ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಕಾಗದದಣ್ಣ, ಕತ್ತರಿಸಿ ಉಳಿದ ಒಳ್ಳೇ ಕಾಗದವನ್ನು ಸುರುಳಿ ಸುತ್ತಿ ಎಲ್ಲರಿಗೂ ಕಳಿಸುತ್ತಾನೆ. ಜೊತೆಗೆ ಯಾರೂ ಕೇಳದ ಸಲಹೆಯನ್ನೂ ಕಳಿಸುತ್ತಾನೆ. ‘ನಿನ್ನ ಗೆರೆಗಳೆಲ್ಲ ಇಸ್ತ್ರಿ ಹೊಡೆದ ಹಾಗಿವೆ, ಸ್ವಲ್ಪ ಉಸಿರಾಡಲು ಬಿಡು’ ಅಂತ ಹೋದ ವರ್ಷ ನನಗೆ ಬರೆದಿದ್ದ. ಮೂರು ತಿಂಗಳು ನಾನು ಅವನಿಗೆ ಉತ್ತರ ಹಾಕಲಿಲ್ಲ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಸಿಟ್ಟು. ವಾರೆಯಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಡಾಕ್ಟರ ಕೋಣೆಯಲ್ಲಿ ಕೂತಿದ್ದರೂ ಎದ್ದು ಹೋಗಿ ಅಲ್ಲಿನ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಬರುವವಳು ನಾನು.

ಈ ಬಳಗ ಕಟ್ಟಿದವರು ದೊಡ್ಡಕ್ಕ. ರಕ್ತಸಂಬಂಧವಿಲ್ಲ, ಎಲ್ಲರಿಗಿಂತ ದೊಡ್ಡವರು, ಹಾಗಾಗಿ ಎಲ್ಲರಿಗೂ ದೊಡ್ಡಕ್ಕ. ಎಪ್ಪತ್ತೊಂಬತ್ತು ವರ್ಷ. ನಾನು ಉಳಿ ಹಿಡಿಯಲು ಕಲಿತದ್ದೇ ಅವರ ಮುಂದೆ ಕೂತು. ಬಳಗಕ್ಕೆ ಅವರು ಮಾಡಿಟ್ಟ ಕಟ್ಟಳೆ ಒಂದೇ: ಬೇರೆಯವರ ಸಹಾಯ ಎಷ್ಟಾದರೂ ತಗೊಳ್ಳಿ, ಆದರೆ ಹಲಗೆಯಲ್ಲಿ ನಿಮ್ಮ ಕೈಯಿಂದ ಕೆತ್ತಿದ್ದು ಸ್ವಲ್ಪವಾದರೂ ಇರಬೇಕು. ಇಲ್ಲದಿದ್ದರೆ ಕಾರ್ಡಿಗೆ ನಿಮ್ಮ ಹೆಸರು ಹಾಕುವಂತಿಲ್ಲ.

ಆ ತಿಂಗಳ ಮೊದಲ ವಾರದಲ್ಲಿ ದೊಡ್ಡಕ್ಕನಿಂದ ಒಂದು ಪಾರ್ಸಲ್ ಬಂತು. ಒಳಗೆ ಒಂದು ಗೇಣು ಅಗಲದ ಹಲಗೆ, ಮೇಲೊಂದು ಚೀಟಿ. ಅಕ್ಷರಗಳು ಹುಳ ಹರಿದ ಹಾಗಿದ್ದವು. ‘ಕೈ ನನ್ನ ಮಾತು ಕೇಳುತ್ತಿಲ್ಲ ಕಣೇ. ಆಕಾಶ ನಾನು ಮುಗಿಸಿದ್ದೇನೆ. ಮನೆ, ಅದರ ಹೆಂಚಿನ ಮಾಡು, ಮರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇನೆ, ಅಷ್ಟು ನೀನು ಕೆತ್ತಿಕೊಡು. ಇಪ್ಪತ್ತನೇ ತಾರೀಕಿನೊಳಗೆ ವಾಪಸ್ಸು ಕಳಿಸು, ಒತ್ತುವುದು ನಾನೇ. ಬಹುಶಃ ಇದೇ ನನ್ನ ಕೊನೇ ಕಾರ್ಡು.’

ಓದಿ ಕಣ್ಣು ತುಂಬಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ಬಂದದ್ದು ಸಿಟ್ಟು. ನನ್ನ ಹಲಗೆಯನ್ನೇ ನಾನಿನ್ನೂ ಮುಟ್ಟಿರಲಿಲ್ಲ. ಊರ ಹೊರೆಯೆಲ್ಲ ನನ್ನ ತಲೆಗೇ ಯಾಕೆ ಎಂದು ಗೊಣಗಿಕೊಂಡೇ ಸಾಣೆಕಲ್ಲಿಗೆ ನೀರು ಹಾಕಿದೆ. ಸಂಜೆ ಚಹಾ ತಡವಾಯಿತು. ನಮ್ಮನೆಯವರು ಬಾಗಿಲಲ್ಲಿ ನಿಂತು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೇಳಿ, ತಾವೇ ಹೋಗಿ ಸ್ಟವ್ ಹಚ್ಚಿದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರು ಕಲಿತದ್ದು ಎರಡೇ, ಚಹಾ ಮಾಡುವುದು ಮತ್ತು ನನ್ನನ್ನು ಚುಚ್ಚುವುದು.

ಗೋಡೆ, ಮರ ಬೇಗ ಮುಗಿದವು. ಐದು ದಿನ ಬರೀ ಮಾಡು ಕೆತ್ತಿದೆ. ಒಂದೊಂದೇ ಹೆಂಚು, ಒಂದರ ಕೆಳಗೊಂದು. ಹತ್ತು ನಿಮಿಷ ಕೆತ್ತಿದರೆ ಹತ್ತು ನಿಮಿಷ ಬಿಸಿನೀರಿನ ಚೀಲಕ್ಕೆ ಮಣಿಕಟ್ಟು ಒತ್ತಿ ಕೂರುವುದು. ಆದರೂ ಮಾಡಿನ ನೆತ್ತಿಯ ಗೆರೆ ಮುಗಿದಾಗ ನನಗೇ ಹೆಮ್ಮೆಯಾಯಿತು. ಸ್ಕೇಲಿಟ್ಟು ಅಳೆದರೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಆಮೇಲೆ ಆಕಾಶ ನೋಡಿದೆ.

ನಮ್ಮ ಕೆಲಸದಲ್ಲಿ ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಉಬ್ಬಿ ನಿಂತದ್ದು ಶಾಯಿ ಹಿಡಿಯುತ್ತದೆ. ಆಕಾಶ ಬಿಳಿಯಾಗಬೇಕಾದರೆ ಅಲ್ಲಿನ ಮರವನ್ನೆಲ್ಲ ತೆಗೆದು ತಗ್ಗು ಮಾಡಬೇಕು. ಕೈ ನಡುಗಿದರೆ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಸಣ್ಣ ಸಣ್ಣ ಏಣುಗಳು ಉಳಿದುಬಿಡುತ್ತವೆ. ಒತ್ತಿದಾಗ ಅವೂ ಶಾಯಿ ಹಿಡಿದು ಗೀರುಗಳಾಗಿ ಮೂಡುತ್ತವೆ. ದೊಡ್ಡಕ್ಕನ ಆಕಾಶದಲ್ಲಿ ಅಂಥವು ಹತ್ತು ಹನ್ನೆರಡಿದ್ದವು. ಪಾಪ, ಕಣ್ಣೂ ಮಂದವಾಗಿದೆ, ಮುಗಿದಿದೆ ಅಂದುಕೊಂಡು ಕಳಿಸಿದ್ದಾರೆ ಎನಿಸಿತು. ಈ ಮನೆಯ ಮೇಲೆ ಇಂಥ ಆಕಾಶವೇ! ದೊಡ್ಡ ಬಾಯಿಯ ಉಳಿ ತಗೊಂಡೆ. ಅರ್ಧ ಗಂಟೆಯಲ್ಲಿ ಇಡೀ ಆಕಾಶ ತಟ್ಟೆಯ ಹಾಗೆ ನುಣುಪಾಯಿತು. ದೊಡ್ಡಕ್ಕನಿಗೆ ಹೇಳುವುದೂ ಬೇಡ, ಅವರ ಮರ್ಯಾದೆ ಉಳಿಯಲಿ ಎಂದುಕೊಂಡೆ. ಅಷ್ಟು ಒಳ್ಳೆಯವಳಾಗಿದ್ದೆ ನಾನು ಆ ಮಧ್ಯಾಹ್ನ.

ಮರುದಿನ, ಹಲಗೆ ವಾಪಸ್ಸು ಕಟ್ಟಲು ಅದೇ ಪೊಟ್ಟಣದ ಕಾಗದ ಆಗುತ್ತದೆಂದು ನಮ್ಮನೆಯವರು ಅದನ್ನು ಬಿಡಿಸಿ ಉಜ್ಜುತ್ತಿದ್ದರು. ಒಳಪದರದಿಂದ ಮಡಿಸಿದ ತೆಳು ಹಾಳೆಯೊಂದು ಜಾರಿತು. ದೊಡ್ಡಕ್ಕ ಆಕಾಶ ಕೆತ್ತಿ ಮುಗಿಸಿದಾಗ ಪರೀಕ್ಷೆಗೆಂದು ಒತ್ತಿ ತೆಗೆದ ಪ್ರೂಫು. ಕೆಳಗೆ ಖಾಲಿ ಕಪ್ಪು, ಮೇಲೆ ಬಿಳಿ.

"ಇದರಲ್ಲಿ ಹಕ್ಕಿಗಳಿವೆ ನೋಡು" ಎಂದರು ಅವರು, ಕನ್ನಡಕ ಮೇಲೆತ್ತಿ. "ನಿನ್ನ ಹಲಗೇಲಿ ಎಲ್ಲಿವೆ?"

ಇಸಕೊಂಡು ನೋಡಿದೆ. ಹೌದು, ಹಕ್ಕಿಗಳೇ. ಬೇಕೆಂದು ಕೆತ್ತಿದರೆ ಯಾರ ಕೈಯಿಂದಲೂ ಬರದಂಥವು. ಒಂದರ ರೆಕ್ಕೆ ಮುರಿದಂತೆ, ಒಂದು ಗುಂಪು ಬಿಟ್ಟು ಹಿಂದುಳಿದಂತೆ, ಎಲ್ಲವೂ ದಣಿದು ಗೂಡಿಗೆ ಮರಳುತ್ತಿದ್ದವು. ಚೀಟಿಯನ್ನು ಹುಡುಕಿ ತಿರುಗಿಸಿದೆ. ಹಿಂಬದಿಯಲ್ಲಿ ಇನ್ನೊಂದು ಸಾಲಿತ್ತು: ‘ಪ್ರೂಫು ಪೊಟ್ಟಣದೊಳಗಿದೆ. ಕೆತ್ತುವ ಮೊದಲು ನೋಡು.’ ಸುಸ್ತಿನಲ್ಲಿ ನಾನು ಚೀಟಿಯ ಬೆನ್ನು ನೋಡಿರಲೇ ಇಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತೆಗೆದ ಚಕ್ಕೆಗಳನ್ನು ಬೆಳಿಗ್ಗೆಯೇ ಗುಡಿಸಿ ಹಾಕಿಯಾಗಿತ್ತು. ಇದ್ದಿದ್ದರೂ ಏನು ಮಾಡುತ್ತಿದ್ದೆ? ಕೆತ್ತಿದ ಮರ ಮತ್ತೆ ಕೂಡುವುದಿಲ್ಲ.

ಅಂದೇ ಫೋನ್ ಮಾಡಿದೆ. "ಅಕ್ಕಾ, ಆಕಾಶದಲ್ಲಿದ್ದದ್ದನ್ನೆಲ್ಲ ನಾನು ತೆಗೆದುಬಿಟ್ಟೆ. ಕೈ ಜಾರಿ ಉಳಿದದ್ದು ಅಂದ್ಕೊಂಡೆ."

ಆ ಕಡೆ ನಲ್ಲಿ ನೀರು ಸುರಿಯುವ ಸದ್ದು. ಯಾರೋ ಅದನ್ನು ನಿಲ್ಲಿಸಿದರು.

"ನೀನು ಅಂದ್ಕೊಂಡಿದ್ದು ಸರೀನೇ" ಎಂದರು ದೊಡ್ಡಕ್ಕ. "ಕೈ ಜಾರಿ ಉಳಿದದ್ದೇ ಅವು. ನಾನೂ ತೆಗೀಬೇಕು ಅಂತಲೇ ಇದ್ದೆ. ಪ್ರೂಫ್ ಒತ್ತಿ ನೋಡಿದ್ರೆ ಹಕ್ಕಿ ಥರ ಕಂಡ್ವು. ಈ ನಡುಗೋ ಕೈಯಿಂದ ಇದೊಂದಾದ್ರೂ ಆಯ್ತಲ್ಲ ಅಂತ ಎರಡು ದಿನ ಗೋಡೆಗೆ ಅಂಟಿಸಿ ನೋಡ್ಕೊಂಡು ಕೂತಿದ್ದೆ."

ನಾನು ಪ್ರೂಫಿನ ಮಡಿಕೆಗಳನ್ನು ಅಂಗೈಯಿಂದ ಉಜ್ಜಿದೆ.

"ಮಾಡು ಚೆನ್ನಾಗಿ ಬಂದಿದ್ಯಾ?"

"ಬಂದಿದೆ ಅಕ್ಕಾ."

"ಹಾಗಾದ್ರೆ ನಿನ್ನ ಹೆಸರು ಹಾಕಿ ಎಲ್ಲರಿಗೂ ಕಳಿಸು. ನನ್ನ ಕೈಯದ್ದು ಅದರಲ್ಲಿ ಇನ್ನೇನೂ ಇಲ್ಲ."

"ಚಿತ್ರ ನಿಮ್ಮದಲ್ವಾ? ಪೆನ್ಸಿಲ್ ಗೆರೆ ಎಲ್ಲ ನಿಮ್ಮದೇ."

"ಪೆನ್ಸಿಲ್ ಗೆರೆ ಲೆಕ್ಕಕ್ಕಿಲ್ಲ. ಆ ಕಟ್ಟಳೆ ಮಾಡಿದ್ದು ನಾನೇ, ನನಗೇ ಮುರಿಯೋಕೆ ಹೇಳ್ಕೊಡಬೇಡ." ಕಡ್ಡಿ ಮುರಿದಂತೆ ಹೇಳಿ ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮೂವತ್ತನಾಲ್ಕು ವರ್ಷ ತಪ್ಪದೆ ಬಂದ ಹೆಸರು ನನ್ನ ಅಚ್ಚುಕಟ್ಟುತನದಿಂದ ತಪ್ಪುವುದರಲ್ಲಿತ್ತು.

ಎರಡು ದಿನ ಸುಮ್ಮನೆ ಕೂತೆ. ಹಕ್ಕಿಗಳನ್ನು ನಾನೇ ಹಾಗೇ ಕೆತ್ತಿಬಿಡಲೇ ಎಂಬ ಯೋಚನೆಯೂ ಬಂತು. ಪ್ರೂಫು ಎದುರಿಗಿಟ್ಟುಕೊಂಡು ಹಳೇ ತುಂಡೊಂದರಲ್ಲಿ ಪ್ರಯತ್ನಿಸಿ ನೋಡಿದೆ. ಹಕ್ಕಿಗಳು ಬಂದವು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಕಾಗದದಣ್ಣನ ಇಸ್ತ್ರಿಯ ಮಾತು ನೆನಪಾಗಿ ಆ ತುಂಡನ್ನು ಒಲೆಗೆ ಹಾಕಿದೆ.

ಉಳಿದ ದಾರಿ ಒಂದೇ, ತೇಪೆ ಹಾಕುವುದು. ಮಾಡಿನ ನೆತ್ತಿಯಿಂದ ಮೇಲಕ್ಕೆ ಅಂಗೈಯಗಲ ಚೌಕವಾಗಿ ಗುಳಿ ತೋಡಿ, ಅಷ್ಟೇ ಅಳತೆಯ ಹೊಸ ಮರ ಕೂರಿಸಿ, ಅಂಟು ಹಾಕಿ, ಸಮ ಮಾಡಬೇಕು; ಅದರ ಮೇಲೆ ದೊಡ್ಡಕ್ಕ ಹೊಸದಾಗಿ ಕೆತ್ತಬೇಕು. ಮರ ಅದೇ ಜಾತಿಯದಾಗಿರಬೇಕು, ಇಲ್ಲದಿದ್ದರೆ ತೇವಕ್ಕೆ ಒಂದು ಹಿಗ್ಗುತ್ತದೆ, ಇನ್ನೊಂದು ಬಿರಿಯುತ್ತದೆ. ಅಂಥದ್ದು ನನ್ನ ಬಳಿ ಒಂದೇ ತುಂಡಿತ್ತು. ದೊಡ್ಡಕ್ಕ ಹಿಂದೊಮ್ಮೆ ಒಂದೇ ದಿಮ್ಮಿ ಕೊಯ್ಸಿ ಹನ್ನೊಂದು ಜನಕ್ಕೂ ಹಂಚಿದ್ದರಲ್ಲಿ ಕೊನೆಗೆ ಉಳಿದದ್ದು, ಈ ವರ್ಷದ ನನ್ನ ಕಾರ್ಡಿಗೆಂದು ಇಟ್ಟುಕೊಂಡದ್ದು. ಅದಕ್ಕೇ ಗರಗಸ ಹಾಕಿದೆ.

ಹತ್ತೊಂಬತ್ತನೇ ತಾರೀಕು ಹಲಗೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮೂರೂವರೆ ಗಂಟೆಯ ದಾರಿ, ಅದರಲ್ಲಿ ಒಂದು ಗಂಟೆ ನಿಂತೇ. ದೊಡ್ಡಕ್ಕನ ತಮ್ಮನ ಹೆಂಡತಿ ಬಾಗಿಲು ತೆಗೆದು, "ಮೇಲಿದ್ದಾರೆ, ಮೂರು ದಿನದಿಂದ ಮಾತೇ ಕಮ್ಮಿ" ಎಂದಳು. ಅದು ಯಾರಿಂದ ಎಂದು ನಾನು ಬಿಡಿಸಿ ಹೇಳಲಿಲ್ಲ.

ಕಿಟಕಿಯ ಪಕ್ಕ ಅದೇ ಹಳೇ ಮೇಜು. ದೊಡ್ಡಕ್ಕ ಹಲಗೆಯನ್ನು ಬೆಳಕಿಗೆ ಹಿಡಿದು, ತೇಪೆಯ ಅಂಚಿನ ಮೇಲೆ ಉಗುರು ಆಡಿಸಿದರು. ಎಲ್ಲೂ ತಡೆಯಲಿಲ್ಲ.

"ಯಾವ ಮರ ಇದು?"

"ನಿಮ್ಮ ದಿಮ್ಮೀದೇ. ನನ್ನ ಪಾಲಿಂದು."

"ಮತ್ತೆ ನಿನ್ನ ಕಾರ್ಡು?"

"ಈ ವರ್ಷ ಇಲ್ಲ ಅಕ್ಕಾ. ಸುಸ್ತಾಗಿದೆ." ಬಾಯಿಬಿಟ್ಟು ಹೇಳಿದ ಮೇಲೆ ಎಷ್ಟು ಹಗುರಾಯಿತೆಂದರೆ, ನನಗೇ ನಾಚಿಕೆಯಾಯಿತು.

ದೊಡ್ಡಕ್ಕ ನನ್ನ ಮಣಿಕಟ್ಟಿನ ಪಟ್ಟಿ ನೋಡಿದರು. ಕುರ್ಚಿ ಎಳೆದುಕೊಂಡು ಕೂತು ಉಳಿಗೆ ಕೈ ಚಾಚಿದರು. ಉಳಿಯ ತುದಿ ಗಾಳಿಯಲ್ಲಿ ಅತ್ತಿತ್ತ ಅಲೆಯಿತು. ನಾನು ಅವರ ಮೊಣಕೈಗೆ ಆಸರೆ ಕೊಡಲು ಹೋದೆ.

"ಹಲಗೆ ಹಿಡ್ಕೋ" ಎಂದರು. "ಕೈ ಹಿಡೀಬೇಡ."

ಎಡಗೈಯಲ್ಲಿ ಹಲಗೆಯನ್ನು ಮೇಜಿನ ಅಡ್ಡಪಟ್ಟಿಗೆ ಒತ್ತಿ ಹಿಡಿದೆ. ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತೆ. ದೊಡ್ಡಕ್ಕ ಕೆತ್ತತೊಡಗಿದರು. ಒಂದು ಏಟು ಆಳ, ಒಂದು ಮೇಲುಮೇಲೆ, ಒಂದು ಎಲ್ಲಿಗೋ ಹೋಗಬೇಕಾದದ್ದು ಇನ್ನೆಲ್ಲಿಗೋ. ನಡುನಡುವೆ ಉಳಿ ಕೆಳಗಿಟ್ಟು ಬೆರಳು ಮಡಿಸಿ ಬಿಡಿಸುತ್ತಿದ್ದರು. ಪ್ರತಿ ಏಟಿಗೂ ನನ್ನ ಬಲಗೈ ತೊಡೆಯ ಕೆಳಗೆ ಮಿಸುಕಿತು. ಎರಡು ಗಂಟೆಯಾಗಿರಬೇಕು. ಐದು ದಿನ ಮಾಡು ಕೆತ್ತಿದ್ದು ಇದರ ಮುಂದೆ ಏನೂ ಅಲ್ಲ.

ಕೊನೆಯ ಮೂಲೆಯಲ್ಲಿ ಉಳಿ ಜಾರಿತು. ಜಾರಿ, ತೇಪೆ ದಾಟಿ, ನನ್ನ ಮಾಡಿನ ನೆತ್ತಿಯ ಗೆರೆಯನ್ನು ಕಚ್ಚಿ, ಎರಡು ಹೆಂಚು ಎಬ್ಬಿಸಿಕೊಂಡು ನಿಂತಿತು.

ದೊಡ್ಡಕ್ಕ ತಲೆಯೆತ್ತಿ ನನ್ನ ಮುಖ ನೋಡಿದರು. ಇದನ್ನೂ ನೆಟ್ಟಗೆ ಮಾಡುತ್ತೀಯಾ ಎಂದು ಅವರ ಕಣ್ಣು ಕೇಳುತ್ತಿತ್ತು. ಅಂಟು ನನ್ನ ಚೀಲದಲ್ಲೇ ಇತ್ತು. ಎದ್ದ ಹೆಂಚನ್ನು ಕೂರಿಸಿ ಒತ್ತಿ ಹಿಡಿದರೆ ಐದು ನಿಮಿಷದ ಕೆಲಸ.

"ಇರಲಿ ಅಕ್ಕಾ" ಎಂದೆ.

ಅವರು ಎದ್ದ ಚಕ್ಕೆಯನ್ನು ಉಫ್ ಎಂದು ಊದಿದರು. ಅದು ಕಿಟಕಿಯ ಕಡೆಗೆ ಹಾರಿತು. "ಒಂದು ಹಕ್ಕಿ ಈ ಸಂದೀಲಿ ಒಳಗೆ ಹೋಯ್ತು ಅಂದ್ಕೋ" ಎಂದರು.

ಶಾಯಿ ಹಚ್ಚಿ, ಕಾಗದದಣ್ಣನ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ, ಮೊದಲ ಕಾರ್ಡು ಅವರೇ ಎತ್ತಿದರು. ಹಕ್ಕಿಗಳಿದ್ದವು. ಮೊದಲಿನವಲ್ಲ, ಬೇರೆಯವು, ಇನ್ನೂ ದಣಿದವು. ಮಾಡಿನ ನೆತ್ತಿಯಲ್ಲಿ ಬೆಳ್ಳಗೆ ಒಂದು ಸಂದು. ದೊಡ್ಡಕ್ಕ ಪೆನ್ಸಿಲ್ ತಗೊಂಡು ಕೆಳಗೆ ತಮ್ಮ ಹೆಸರು ಬರೆಯಲು ಕೂತರು. ಒಂದೊಂದು ಅಕ್ಷರಕ್ಕೂ ಬಹಳ ಹೊತ್ತು ಹಿಡಿಯಿತು. ಕೊನೆಯ ಅಕ್ಷರ ಸ್ವಲ್ಪ ವಾರೆಯಾಯಿತು, ಹಾಗೇ ಬಿಟ್ಟರು.

ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನು ಆ ಕೈ ಆಚೆ ತೆಗಿ, ಇನ್ನೂ ಒಂಬತ್ತು ಒತ್ತೋದಿದೆ" ಎಂದರು.

ತೆಗೆದೆ. ಅದು ಪೂರ್ತಿ ಜೋಮು ಹಿಡಿದಿತ್ತು.