ಉಪ್ಪಿಲ್ಲದ ಎಡೆ

ಆಲ್ತಿಯಾ ಕನಸು ಕಂಡಳಂತೆ ಎಂದು ಕೇಳಿದಾಗಲೇ ಅಂದುಕೊಂಡೆ, ಇದು ಕನಸಲ್ಲ, ನನ್ನ ಮನೆಗೆ ಹಾಕುತ್ತಿರುವ ಕನ್ನ ಎಂದು.

ಆಲ್ತಿಯಾ ನನ್ನ ನಾದಿನಿ. ಮೀಸೆ ಮೂಡದ ಹುಡುಗರೆಲ್ಲ ಅವಳ ಹಿಂದೆ ಸುತ್ತುತ್ತಿದ್ದ ವಯಸ್ಸಿನಲ್ಲೇ ಟ್ರಿನಿಡಾಡ್‌ಗೆ ಹೋಗಿ ಅಲ್ಲೇ ಬೇರೂರಿದವಳು. ಅವಳ ಅಣ್ಣ, ಅಂದರೆ ನನ್ನ ಗಂಡ, ದೋಣಿ ಸಮೇತ ಸಮುದ್ರದ ಪಾಲಾದಾಗ ಬಂದು ಅತ್ತು ಹೋದಳು. ಅವಳ ತಾಯಿ ಎಸ್ಟೀನ್, ನನ್ನ ಅತ್ತೆ, ಹಾಸಿಗೆ ಹಿಡಿದಾಗ ಬರಲಿಲ್ಲ. ಮಣ್ಣು ಮುಚ್ಚಿದ ಮಾರನೆಯ ದಿನ ಜೆಟ್ಟಿಯಲ್ಲಿ ಇಳಿದಳು. ಈಗ ವರ್ಷ ತುಂಬುವ ಹೊತ್ತಿಗೆ ಎರಡು ದೊಡ್ಡ ಪೆಟ್ಟಿಗೆ ಹೊತ್ತು ಬಂದು ಹೊಸಿಲಲ್ಲೇ ನಿಂತು, "ವೆಲ್ಡಾ ಅತ್ತಿಗೆ, ಅಮ್ಮ ಕನಸಲ್ಲಿ ಬಂದಿದ್ಲು. ಹಸಿದುಕೊಂಡಿದ್ದಾಳೆ" ಎಂದಳು.

ನಮ್ಮ ಕ್ಯಾರಿಯಕು ದ್ವೀಪದಲ್ಲಿ ಸತ್ತವರು ಕನಸಿನಲ್ಲಿ ಬಂದು ಹಸಿವೆ ಎಂದರೆ ಆಗುವುದಿಲ್ಲ ಎನ್ನುವ ಹಾಗಿಲ್ಲ. ಮೇಕೆ ಕಡಿಯಬೇಕು, ಊರಿಗೆ ಉಣಿಸಬೇಕು, ಡೋಲು ಕಟ್ಟಿ ಕುಣಿಯಬೇಕು, ಒಳಕೋಣೆಯಲ್ಲಿ ಮೇಜು ಹಾಕಿ ಹಿರಿಯರಿಗೆ ಎಡೆ ಇಡಬೇಕು. ಅತ್ತೆಗೆ ಎಡೆ ಇಡುವುದಕ್ಕೆ ನಾನು ಯಾವಾಗ ಹಿಂದೆಮುಂದೆ ನೋಡಿದ್ದೇನೆ? ಆದರೆ ಈ ಕನಸಿಗೊಂದು ಬಾಲವಿತ್ತು. ಅತ್ತೆ ಮನೆಯ ಬಾಗಿಲಲ್ಲಿ ನಿಂತಿದ್ದಳಂತೆ. ಒಳಗೆ ಬರಲಿಲ್ಲವಂತೆ.

ಊರಲ್ಲಿ ಕನಸು ಬಿಡಿಸಿ ಹೇಳುವವಳು ಕೊರಿನಜ್ಜಿ. ಹಲ್ಲಿಲ್ಲದಿದ್ದರೂ ಅವಳ ಮಾತು ಕಲ್ಲಿನ ಮೇಲೆ ಬರೆದಂತೆ. ಪೈಪು ಕಚ್ಚಿಕೊಂಡೇ ಕನಸು ಕೇಳಿ, "ಸ್ವಂತ ಮನೆ ಬಾಗ್ಲಲ್ಲಿ ಹೊರಗಿನೋಳ ಥರ ನಿಂತ್ಲಾ? ಹಂಗಾದ್ರೆ ಮನೆ ಬೇರೆಯೋರ ಕೈಲಿದೆ ಅಂತ ಅವಳಿಗೆ ಸಂಕಟ" ಎಂದಳು.

ಬೇರೆಯವರು! ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಯ ಮಾಡಿನ ತಗಡು ಬಿರುಗಾಳಿಗೆ ಹಾರಿದಾಗ ಮತ್ತೆ ಹೊದಿಸಿದವಳು ನಾನು. ಮಳೆನೀರಿನ ತೊಟ್ಟಿಗೆ ಇಳಿದು ಪಾಚಿ ಕೆರೆದವಳು ನಾನು. ಅತ್ತೆಯ ಮಲಮೂತ್ರ ಬಳಿದವಳು ನಾನು. ಹೊಳೆಯಿಲ್ಲದ, ತೊರೆಯಿಲ್ಲದ ಈ ದ್ವೀಪದಲ್ಲಿ ಬೇಸಿಗೆಗೂ ಬತ್ತದ ತೊಟ್ಟಿ ಇರುವ ಮನೆ ಎಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ ಹೇಳಿ? ಗಂಡನಿಲ್ಲ, ಮಕ್ಕಳಿಲ್ಲ. ಮನೆ ಅತ್ತೆಯದು. ಸತ್ತವಳೇ ಮಗಳಿಗೆ ಕೊಡು ಎಂದಳೆಂದರೆ ಊರು ಅವಳ ಮಾತೇ ಕೇಳುತ್ತದೆ. ನಾನು ನನ್ನ ಚಾಪೆ ಸುತ್ತಿಕೊಂಡು ಎಲ್ಲಿಗೆ ಹೋಗಲಿ?

ಆ ವಾರವೆಲ್ಲ ಅವಳ ಮೇಲೆ ಕಣ್ಣಿಟ್ಟೆ. ಒಂದು ದಿನ ತೊಟ್ಟಿಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಮತ್ತೊಂದು ದಿನ ಬೇಲಿಯಾಚೆ ನಿಂತು ಫೋನಿನಲ್ಲಿ ಪಿಸುಪಿಸು ಮಾತು. ನನ್ನನ್ನು ಕಂಡದ್ದೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅತ್ತೆಯ ಕೋಣೆಯಲ್ಲಿ ಅಳತೆ ಟೇಪು ಹಿಡಿದು ಬಗ್ಗಿದ್ದವಳನ್ನು ಕಣ್ಣಾರೆ ಕಂಡೆ.

"ಏನೇ ಅಳೀತಿದೀಯಾ? ಗೋಡೆ ಒಡೆಸ್ಬೇಕಾ?" ಎಂದೆ.

"ಮೇಜು ಅಳೀತಿದೀನಿ ಅತ್ತಿಗೆ."

"ಮೇಜು ಬೆಳೆಯೋದಿಲ್ಲ, ಬಿಡು. ಅಷ್ಟೇ ಇರತ್ತೆ."

ಅವಳು ನಕ್ಕಳು. ನನಗೆ ಆ ನಗು ಹಿಡಿಸಲಿಲ್ಲ.

ಎಡೆಯ ದಿನ ಅಂಗಳದಲ್ಲಿ ಹಂಡೆಗಳು ಏರಿದವು. ತೊಗರಿ ಬೇಯುತ್ತಿತ್ತು. ಹೆಂಗಸರು ಸೊಂಟಕ್ಕೆ ಸೆರಗು ಬಿಗಿದವರ ಹಾಗೆ ಲಂಗ ಎತ್ತಿಕಟ್ಟಿ ಮೆಕ್ಕೆಜೋಳದ ಮುದ್ದೆ ತೊಳಸಿದರು. ಊರವರ ಹಂಡೆಗೆ ಉಪ್ಪು, ಖಾರ ಎಲ್ಲ ಬಿತ್ತು. ಸತ್ತವರ ಪುಟ್ಟ ಮಡಕೆ ಬೇರೆ ಒಲೆಯ ಮೇಲಿತ್ತು, ಅದಕ್ಕೆ ಉಪ್ಪಿನ ಕೈ ಕೂಡ ತಾಗಿಸುವಂತಿಲ್ಲ. ಅದನ್ನು ನಾನೇ ನೋಡಿಕೊಂಡೆ. ನೋಡಿಕೊಳ್ಳುತ್ತಲೇ ನನ್ನ ಉಪಾಯವನ್ನೂ ಬೇಯಿಸಿದೆ.

ಎಡೆ ಇಡುವ ಮುಂಚೆ, ಹೊತ್ತು ಇಳಿಯುವಾಗ, ಕನಸು ಕಂಡವರು ಮೇಜಿನ ಮುಂದೆ ನಿಂತು ಎಲ್ಲರೆದುರು ಇನ್ನೊಮ್ಮೆ ಕನಸು ಹೇಳಬೇಕು. ಸತ್ತವರು ಬಂದರೆ ತಿನ್ನಲು ಇಂಥದೇ ಬೇಕೆಂದು ಕೇಳದೆ ಹೋಗುವುದಿಲ್ಲ. ಕಟ್ಟುಕತೆಯಾದರೆ ಅಲ್ಲೇ ಎಡವುತ್ತದೆ.

ಅತ್ತೆಯ ಕೋಣೆಗೆ ಹೋದೆ. ಮೇಜಿನ ಮೇಲೆ ಹಾಲಿನಂಥ ಹೊಸ ಬಟ್ಟೆ ಹಾಸಿತ್ತು. ಅಂಚಿಗೆಲ್ಲ ಕೈಕಸೂತಿ, ನಾಲ್ಕೂ ಕಡೆ ಸರಿಸಮನಾಗಿ ಇಳಿಬಿದ್ದಿತ್ತು. ಆಲ್ತಿಯಾ ಇಲ್ಲಿ ಕೂತು ಅಂಚು ಹೊಲಿದದ್ದಂತೆ. ಟೇಪು ಹಿಡಿದದ್ದು ಇದಕ್ಕೆಂದು ತಿಳಿದು ಒಂದು ಗಳಿಗೆ ಮುಜುಗರವಾಯಿತು. ಆದರೂ ಬಟ್ಟೆ ಹಾಸಿದ ಕೈ ಬಾಗಿಲ ಕೀಲಿಕೈಗೆ ಚಾಚುವುದಿಲ್ಲ ಎಂದು ಎಲ್ಲಿದೆ?

ಕೊರಿನಜ್ಜಿ ಕುರ್ಚಿಯಲ್ಲಿ ಕೂತಿದ್ದಳು. ಡೋಲಿನ ಕಾಸ್ನೆಲ್ ಮಾಮ ಬಾಗಿಲಿಗೆ ಒರಗಿ ರಮ್ಮಿನ ಲೋಟ ಹಿಡಿದಿದ್ದ. ಆಲ್ತಿಯಾ ಕನಸು ಹೇಳಿದಳು: ಬಾಗಿಲು, ಅಮ್ಮ, ಒಳಗೆ ಬಾರದೆ ನಿಂತದ್ದು. ಕೊನೆಗೆ ತಲೆ ತಗ್ಗಿಸಿ, "ಮನೆ ನನ್ನ ಹತ್ರ ಇರ್ಲಿ ಅಂತ ಅಮ್ಮನ ಮನಸಲ್ಲಿದೆ ಅನ್ಸುತ್ತೆ. ನಂಗೂ ವಾಪಸ್ ಬರಬೇಕು ಅಂತಿದೆ" ಎಂದಳು.

"ಅದಿರ್ಲಿ," ಎಂದೆ ನಾನು. "ತಿನ್ನಕ್ಕೆ ಏನು ಕೇಳಿದ್ಲು?"

ಅವಳು ತಡವರಿಸಿದಳು. "ಏನೂ ಮಾತಾಡ್ಲಿಲ್ಲ."

"ಹಸಿದಿದ್ಲು ಅಂದೆ. ಹಸಿದೋಳು ಏನೂ ಕೇಳ್ಲಿಲ್ವಾ? ಹೇಳಮ್ಮ, ಅಜ್ಜಿ ಕಾಯ್ತಿದ್ದಾರೆ."

ಆಲ್ತಿಯಾ ಅತ್ತಿತ್ತ ನೋಡಿದಳು. ಆಮೇಲೆ ಬಲಗೈ ಎತ್ತಿ, ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ ಮೆಲ್ಲಗೆ ಉಜ್ಜಿದಳು. ನಾಲಿಗೆ ಚಾಚಿ ಅದರ ತುದಿಗೆ ಬೆರಳು ಮುಟ್ಟಿಸಿದಳು. "ಹಿಂಗೆ ಮಾಡಿದ್ಲು. ಮತ್ತೆ ಮತ್ತೆ ಮಾಡಿದ್ಲು. ಉಪ್ಪು ಕೇಳ್ತಿದ್ಲೇನೋ, ನಂಗೊತ್ತಿಲ್ಲ."

ಕಾಸ್ನೆಲ್ ಮಾಮನಿಗೆ ರಮ್ಮು ನೆತ್ತಿಗೇರಿ ಕೆಮ್ಮಿದ. "ಉಪ್ಪಾ? ಜೊತೆಗೆ ಉಪ್ಪಿನಕಾಯಿ ಕೇಳ್ಲಿಲ್ವಾ?"

"ಥೂ ಹುಡುಗಿ!" ಕೊರಿನಜ್ಜಿ ಪೈಪು ತೆಗೆದಳು. "ಸತ್ತೋರು ಉಪ್ಪು ಕೇಳ್ತಾರೇನೇ? ಉಪ್ಪು ತಿಂದ್ರೆ ಮೈ ಭಾರ ಆಗಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗಕ್ಕಾಗತ್ತಾ? ಅಷ್ಟೂ ಗೊತ್ತಿಲ್ದೆ ಕನಸು ಹೆಣೆದ್ಯಾ? ಸತ್ತ ತಾಯಿ ಹೆಸರಲ್ಲಿ ಸುಳ್ಳು! ಮನೆ ವೆಲ್ಡಾದು. ಮುಗೀತು."

ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಛೀ ಥೂ ಎಂದರು. ಆಲ್ತಿಯಾ ಬಟ್ಟೆಯ ಅಂಚು ಹಿಡಿದು ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ನಾನು ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆದರೆ ಆ ಬೆರಳುಗಳನ್ನು ನಾನು ಬಲ್ಲೆ. ಲಕ್ವ ಹೊಡೆದು ಅತ್ತೆಯ ಮಾತು ನಿಂತ ಮೇಲೆ, ಉಪ್ಪು ಮುಟ್ಟಿಸಿದರೆ ಜೀವಕ್ಕೆ ಅಪಾಯ ಎಂದು ನರ್ಸು ಕಟ್ಟಪ್ಪಣೆ ಮಾಡಿದ್ದಳು. ಗಂಜಿ ಕುಡಿಸುವಾಗೆಲ್ಲ ಅತ್ತೆ ಹಾಗೇ ಬೆರಳು ಉಜ್ಜಿ, ಹಾಗೇ ನಾಲಿಗೆ ಮುಟ್ಟಿ ತೋರಿಸುತ್ತಿದ್ದಳು. ಯಾರ ಮುಂದೆಯೂ ಕೈಚಾಚದ ಹೆಂಗಸು. ಯಾರಾದರೂ ನೋಡಲು ಬಂದರೆ ಆ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ನಾನು ಕೊಡಲಿಲ್ಲ, ಅವಳು ಬದುಕಲಿ ಎಂದು ಕೊಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಅತ್ತೆಯ ಮರ್ಯಾದೆಯನ್ನು ಊರ ಬಾಯಿಗೆ ಹಾಕುವುದೇ? ಆ ಸನ್ನೆಯನ್ನು ಕಂಡ ಜೀವಂತ ಕಣ್ಣುಗಳೆಂದರೆ ನನ್ನವು ಮಾತ್ರ.

ಅಂಗಳಕ್ಕೆ ಹೋಗಿ ಸತ್ತವರ ಮಡಕೆಯಿಂದ ಮುದ್ದೆ ಬಡಿಸಿದ ತಟ್ಟೆಯನ್ನೂ ಉಪ್ಪಿನ ಡಬ್ಬಿಯನ್ನೂ ತಂದು ಮೇಜಿನ ಮೇಲಿಟ್ಟೆ. ಒಂದು ಚಿಟಿಕೆ ತೆಗೆದು ಎಡೆಯ ತಟ್ಟೆಯ ಮೇಲೆ ಉದುರಿಸಿದೆ.

"ಏಯ್, ತಲೆ ಕೆಟ್ಟಿತೇನೇ ನಿಂಗೆ!" ಕೊರಿನಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಕನಸು ನಿಜ ಅಜ್ಜಿ," ಎಂದೆ. "ಅತ್ತೆ ನನ್ನ ಹತ್ರ ಹಿಂಗೇ ಕೇಳ್ತಿದ್ರು. ಉಪ್ಪು ಕೊಡಬಾರ್ದು ಅಂತ ನರ್ಸ್ ಹೇಳಿದ್ಲು, ನಾನು ಕೊಡ್ಲಿಲ್ಲ. ಇದು ನಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಕಾಸ್ನೆಲ್ ಮಾಮ ಲೋಟ ಕೆಳಗಿಟ್ಟ.

ಸೊಂಟದಿಂದ ಮನೆಯ ಕೀಲಿಕೈ ಬಿಚ್ಚಿದೆ. ಬಿಚ್ಚಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ತಟ್ಟೆಯ ಪಕ್ಕ, ಅವಳು ಹೊಲಿದ ಬಟ್ಟೆಯ ಮೇಲೆ ಇಟ್ಟು, "ತಗೋ ಆಲ್ತಿಯಾ. ನಿಮ್ಮಮ್ಮ ಬಂದಿದ್ದು ನಿನ್ನ ಹತ್ರ" ಎಂದೆ.

ಆಲ್ತಿಯಾ ಕೀಲಿಕೈಯ ಕಡೆ ನೋಡಲೇ ಇಲ್ಲ. ಉಪ್ಪು ಕರಗುತ್ತಿದ್ದ ಮುದ್ದೆಯನ್ನೇ ನೋಡುತ್ತಿದ್ದಳು. ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದಳು.

"ಅತ್ತಿಗೆ, ಅಮ್ಮ ಎಷ್ಟು ದಿನ ಕೇಳಿದ್ಲು?"

"ಕೊನೇವರೆಗೂ," ಎಂದೆ.